ನಡುರಾತ್ರಿಯ ತಾರೀಖು

ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ ಪಿರಿಯಾಪಟ್ಟಣ ತಾಲ್ಲೂಕು ಮುಗಿಯುವೆಡೆಯಲ್ಲಿ ಕೊಪ್ಪವೆಂಬ ಊರಿದೆ. ಊರನ್ನು ದಾಟಿದೊಡನೆ ಕಾವೇರಿಯ ಸೇತುವೆ. ಸೇತುವೆಯ ಆಚೆಗೆ ಕುಶಾಲನಗರ, ಅಂದರೆ ಕೊಡಗು. ಆ ದಡದ ನಾಡು ಸೈನಿಕರ ನಾಡೆಂಬುದು ಸರ್ವವಿದಿತವಾದದ್ದು. ೧೯೪೯ನೆಯ ಜನವರಿ ೧೫ರಂದು ಸೇನೆಯ ಮೊದಲನೆಯ ಭಾರತೀಯ ಮಹಾದಂಡನಾಯಕರಾದ ಕಾರ್ಯಪ್ಪನವರೂ, ೧೯೫೭ರಲ್ಲಿ ಭೂಸೇನೆಯ ಮುಖ್ಯಸ್ಥರಾದ ತಿಮ್ಮಯ್ಯನವರೂ ಅಲ್ಲಿಯವರೇ. ಅಲ್ಲಿಯ ಮನೆಗಳಲ್ಲಿ ‘ಹದಿನೆಂಟು ಗಂಟೆಗೆ ಬರುತ್ತೇನೆ’ ಎಂದು ಯಾರಾದರೂ ಹೇಳಿದರೆ ಮುಖ ನೋಡುವವರು ಕಡಿಮೆ. ಈ ದಡದಲ್ಲಿರುವವರಾದರೋ ಹೊಗೆಸೊಪ್ಪು, ಮುಸುಕಿನ ಜೋಳ, ಶುಂಠಿಗಳನ್ನು ಬೆಳೆಯುವ ಒಕ್ಕಲುಗಳು. ಇವರ ಹೊತ್ತನ್ನು ಅಳೆಯತಕ್ಕದ್ದು ಸೂರ್ಯನೂ, ಹೊಗೆಸೊಪ್ಪನ್ನು ಬೇಯಿಸುವ ಬ್ಯಾರನ್ನಿನ ಬೆಂಕಿಯೂ. ಗಡಿಯಾರವು ಬಸ್ಸಿಗೆ ಮಾತ್ರ.

ಇಂತಹ ಒಂದು ಒಕ್ಕಲು ಮನೆಯ ಕಿರಿಯ ಮಗನು ಕೆಲವು ವರ್ಷಗಳ ಕೆಳಗೆ ಸೇನೆಯನ್ನು ಸೇರಿದನು. ಅವನು ಮೊದಲನೆಯ ರಜೆಯಲ್ಲಿ ಬಂದಾಗ ಅವನ ಬಾಯಿಂದ ಹೊರಟ ಹೊಸ ಕಾಲಮಾನವು ಮನೆಯವರಿಗೆಲ್ಲ ವಿನೋದದ ವಸ್ತುವಾಯಿತು. ಸಂಜೆ ಆರು ಗಂಟೆಗೆ ಅವನು ‘ಏಟೀನ್ ಹಂಡ್ರೆಡ್’ ಎನ್ನುವನು. ತಾಯಿಯು, “ಅಷ್ಟೊಂದು ಗಂಟೆ ಯಾವ ಗಡಿಯಾರದಲ್ಲಿ ಹೊಡೀತದೋ ಮಗ?” ಎಂದು ಕೇಳುವಳು. ಯಜಮಾನರು ಮಾತ್ರ ನಗಲಿಲ್ಲ. ಅವರು ಹಳೆಯ ಕಾಲದ ಮಾಧ್ಯಮಿಕ ಶಾಲೆಯವರೆಗೆ ಓದಿದವರು, ಲೆಕ್ಕವೆಂದರೆ ಪ್ರೀತಿಯುಳ್ಳವರು. ಮಗನನ್ನು ಜಗುಲಿಯ ಮೇಲೆ ಕುಳ್ಳಿರಿಸಿಕೊಂಡು ಒಂದೇ ಸಂಜೆಯಲ್ಲಿ ವಿಷಯವನ್ನು ತಿಳಿದುಕೊಂಡರು.

ತಿಳಿಯಬೇಕಾದದ್ದು ಹೆಚ್ಚೇನೂ ಇಲ್ಲ. ನಡುರಾತ್ರಿಯು ಸೊನ್ನೆ. ಅಲ್ಲಿಂದ ಮಧ್ಯಾಹ್ನ ಹನ್ನೆರಡರವರೆಗೆ ಎಣಿಕೆಯು ವಾಡಿಕೆಯಂತೆಯೇ ಇರುತ್ತದೆ. ಮಧ್ಯಾಹ್ನದ ಒಂದು ಗಂಟೆಗೆ ಮತ್ತೆ ಒಂದೆಂದು ಹಿಂದಿರುಗದೆ ಹದಿಮೂರು, ಹದಿನಾಲ್ಕು ಎಂದು ಮುಂದುವರಿದು, ಇಪ್ಪತ್ತಮೂರು ಗಂಟೆ ಐವತ್ತೊಂಬತ್ತು ನಿಮಿಷಕ್ಕೆ ನಿಂತು ಪುನಃ ಸೊನ್ನೆಯಾಗುತ್ತದೆ. ಹನ್ನೆರಡಕ್ಕಿಂತ ದೊಡ್ಡ ಅಂಕೆಯಿಂದ ಹನ್ನೆರಡನ್ನು ಕಳೆದರೆ ಮನೆಯ ಗಡಿಯಾರದ ಗಂಟೆಯು ಸಿಕ್ಕುತ್ತದೆ: ೧೮ ಎಂದರೆ ಸಂಜೆ ಆರು, ೨೧ ಎಂದರೆ ರಾತ್ರಿ ಒಂಬತ್ತು. ಸೇನೆಯಲ್ಲಿ ಗಂಟೆಗೂ ನಿಮಿಷಕ್ಕೂ ನಡುವೆ ಚುಕ್ಕೆಯನ್ನಿಡದೆ ನಾಲ್ಕಂಕೆಗಳನ್ನು ಒಟ್ಟಿಗೆ ಬರೆಯುತ್ತಾರೆ. ೦೬೩೦ ಎಂದರೆ ಬೆಳಗಿನ ಆರೂವರೆ. ರೈಲಿನವರು ಚುಕ್ಕೆಯನ್ನಿಡುತ್ತಾರೆ, ಅಷ್ಟೇ ಭೇದ. ಮರುದಿನದಿಂದ ಯಜಮಾನರು ಬಸ್ಸು ನಿಲ್ದಾಣದಲ್ಲಿ ನೆರೆಯವರಿಗೆ, “ಹದಿನಾರು ನಲವತ್ತಕ್ಕೆ ಮಡಿಕೇರಿ ಬಸ್ಸು” ಎಂದು ಹೇಳತೊಡಗಿದರಂತೆ. ಈ ವಿದ್ಯೆಯು ಬಂದಿತೆಂದು ಅವರಿಗೆ ಸಂತೋಷವಿದ್ದಿತು. ಮುಂದಿನ ಕಷ್ಟವು ಬಂದದ್ದು ಅದನ್ನು ಅರಿಯದವರಿಗಲ್ಲ, ಅರಿತವರಿಗೆ. ಅದೇ ಇಲ್ಲಿ ವಿಚಾರಣೀಯವಾದ ಅಂಶ.

ರಜೆ ಮುಗಿದು ಹೋದ ಹುಡುಗನು ಹದಿನಾಲ್ಕು ತಿಂಗಳು ಮನೆಗೆ ಬರಲಿಲ್ಲ. ಆ ಮಾರ್ಗಶಿರದಲ್ಲಿ ಅವನಿಂದ ದೂರವಾಣಿಯಲ್ಲಿ ಒಂದು ಸಂದೇಶವು ಬಂದಿತು. ಅವನು ಕೆಲವರು ಜೊತೆಗಾರರೊಡನೆ ಕೆಲಸದ ಮೇಲೆ ಬೆಳಗಾವಿಯಿಂದ ಬೆಂಗಳೂರಿಗೂ, ಅಲ್ಲಿಂದ ನೇರವಾಗಿ ಗಡಿಯ ಕಡೆಗೂ ಹೋಗತಕ್ಕವನು. ನಡುವೆ ಮನೆಗೆ ಬರಲು ಅಪ್ಪಣೆಯಿಲ್ಲ. ಆದರೆ ಗಾಡಿಯು ಅರಸೀಕೆರೆಯಲ್ಲಿ ಕೆಲವು ನಿಮಿಷ ನಿಲ್ಲುತ್ತದೆ. ‘೧೭ನೇ ತಾರೀಖು ೦೦೫೦ಕ್ಕೆ ಅರಸೀಕೆರೆ. ಬರುವುದಾದರೆ ಬನ್ನಿ.’

ಯಜಮಾನರಿಗೆ ಅರ್ಥವನ್ನು ಮಾಡಿಕೊಳ್ಳಲು ಯಾರ ಸಹಾಯವೂ ಬೇಕಾಗಲಿಲ್ಲ. ಸೊನ್ನೆ ಗಂಟೆಯೆಂದರೆ ನಡುರಾತ್ರಿ. ಐವತ್ತು ನಿಮಿಷ ಕಳೆದರೆ ರಾತ್ರಿ ಹನ್ನೆರಡು ಐವತ್ತು. ಗೋಡೆಯ ಪಂಚಾಂಗದ ಹಾಳೆಯಲ್ಲಿ ೧೭ರ ಮನೆಗೆ ಪೆನ್ಸಿಲಿನಿಂದ ಸುತ್ತು ಹಾಕಿದರು. ತಾಯಿಯು ೧೬ರಂದು ಬೆಲ್ಲದ ಪಾಕ ತೆಗೆದು ಕಜ್ಜಾಯ ಮಾಡಿದಳು. ೧೭ರ ಬೆಳಿಗ್ಗೆ ಅಕ್ಕಿರೊಟ್ಟಿ ತಟ್ಟಿ, ಚಟ್ನಿಪುಡಿ ಕಟ್ಟಿದಳು. ಮಧ್ಯಾಹ್ನ ಇಬ್ಬರೂ ಹೊರಟು ಹಾಸನದಲ್ಲಿ ಬಸ್ಸು ಬದಲಾಯಿಸಿ, ದೀಪ ಹತ್ತುವ ಹೊತ್ತಿಗೆ ಅರಸೀಕೆರೆಯ ರೈಲು ನಿಲ್ದಾಣದಲ್ಲಿದ್ದರು.

ಆ ಬಯಲುಸೀಮೆಯ ಚಳಿಯಲ್ಲಿ ಒಂದೇ ಕಂಬಳಿಯನ್ನು ಇಬ್ಬರೂ ಹೊದೆದು ಕಲ್ಲುಬೆಂಚಿನ ಮೇಲೆ ಕುಳಿತರು. ಹೇಳಿದ ಹೊತ್ತಿಗೆ ಗಾಡಿಯು ಬಂದಿತು. ತಂದೆಯು ಒಂದು ಕಡೆಗೂ ತಾಯಿಯು ಇನ್ನೊಂದು ಕಡೆಗೂ ಓಡಿದರು. ಒಂದೊಂದು ಕಿಟಕಿಯಲ್ಲಿಯೂ ಇಣುಕಿದರು. ತಾಯಿಯು ಹೆಸರು ಹಿಡಿದು ಕೂಗಿದಳು. ಗಾಡಿ ಹೊರಟುಹೋಯಿತು. ತಡವಾಗಿ ಬೇರೆ ಗಾಡಿಯಲ್ಲಿ ಬರಬಹುದೆಂದು ಬೆಳಕು ಹರಿಯುವವರೆಗೆ ಬಂದ ಗಾಡಿಗಳನ್ನೆಲ್ಲಾ ನೋಡಿದರು. ಕೊನೆಗೆ ನಿಲ್ದಾಣದ ಒಬ್ಬ ನೌಕರನು ಸಂದೇಶವನ್ನು ಓದಿ ನೋಡಿ, “ಯಜಮಾನ್ರೇ, ಹದಿನೇಳರ ಸೊನ್ನೆ ಐವತ್ತು ಅಂದರೆ ಮೊನ್ನೆ, ಹದಿನಾರರ ರಾತ್ರಿ ಮಲಗಿದ ಮೇಲೆ ಬಂತಲ್ಲ, ಆ ಗಾಡಿ. ನೀವು ಒಂದು ರಾತ್ರಿ ತಡವಾಗಿ ಬಂದಿದ್ದೀರಿ” ಎಂದನು. ತಾಯಿಯು ಬಹಳ ಹೊತ್ತಿನವರೆಗೆ ಅದನ್ನು ಒಪ್ಪಲಿಲ್ಲ. “ಬೆಳಕು ಹರೀದೆ ತಾರೀಕು ಹೆಂಗಪ್ಪ ಬದ್ಲಾಯ್ತದೆ?” ಎಂದಳು.

ಈ ಪ್ರಶ್ನೆಯು ಓದುಬರಹವಿಲ್ಲದ ಹೆಂಗಸಿನ ಪ್ರಶ್ನೆಯೆಂದು ವಾಚಕರು ತಳ್ಳಿಬಿಡಲಾಗದು. ಇದರ ಹಿಂದೆ ಒಂದು ಶಾಸ್ತ್ರವೇ ನಿಂತಿದೆ. ಪಂಚಾಂಗದ ವಾರವು ಸೂರ್ಯೋದಯದಿಂದ ಸೂರ್ಯೋದಯಕ್ಕೆ. ಅಹೋರಾತ್ರಕ್ಕೆ ಅರುವತ್ತು ಗಳಿಗೆ; ತಳದಲ್ಲಿ ಸಣ್ಣ ರಂಧ್ರವುಳ್ಳ ತಾಮ್ರದ ಬಟ್ಟಲನ್ನು ನೀರಿನ ಮೇಲಿಟ್ಟರೆ ಅದು ತುಂಬಿ ಮುಳುಗುವ ಕಾಲವೇ ಒಂದು ಗಳಿಗೆ. ಗಳಿಗೆಗೆ ಇಪ್ಪತ್ತನಾಲ್ಕು ನಿಮಿಷ. ಗಳಿಗೆ ಅರುವತ್ತು, ಒಂದಕ್ಕೆ ನಿಮಿಷ ಇಪ್ಪತ್ತನಾಲ್ಕು. ಗಂಟೆ ಇಪ್ಪತ್ತನಾಲ್ಕು, ಒಂದಕ್ಕೆ ನಿಮಿಷ ಅರುವತ್ತು. ಹೇಗೆ ಗುಣಿಸಿದರೂ ೧೪೪೦ ನಿಮಿಷಗಳೇ. ಮಗುವು ಗುರುವಾರ ರಾತ್ರಿ ಎರಡು ಗಂಟೆಗೆ ಹುಟ್ಟಿದರೆ ಜಾತಕವನ್ನು ಬರೆಯುವವರು ಗುರುವಾರವೆಂದೇ ಬರೆಯುತ್ತಾರೆ. ಆಸ್ಪತ್ರೆಯ ಕಾಗದದಲ್ಲಿ ಮರುದಿನದ ತಾರೀಖಿರುತ್ತದೆ. ಎರಡೂ ಸರಿಯೇ. ಆದರೆ ಮದುವೆಯ ಮಾತು ಬಂದಾಗ ಈ ಎರಡು ಕಾಗದಗಳನ್ನು ಎದುರಿಗಿಟ್ಟುಕೊಂಡು ಎರಡು ಮನೆಯ ಹಿರಿಯರು ಜಗಳವಾಡಿದ ಪ್ರಸಂಗಗಳುಂಟು.

ಇಪ್ಪತ್ತನಾಲ್ಕು ಎಂಬ ಭಾಗವಾಗಲಿ, ನಡುರಾತ್ರಿಯಲ್ಲಿ ದಿನವನ್ನು ತೊಡಗುವ ಕ್ರಮವಾಗಲಿ ಈ ದೇಶಕ್ಕೆ ಅಪರಿಚಿತವೆಂದು ತಿಳಿಯುವುದೂ ತಪ್ಪೇ. ಹೋರೆಗಳು ಅಹೋರಾತ್ರಕ್ಕೆ ಇಪ್ಪತ್ತನಾಲ್ಕು. ಅಹೋರಾತ್ರ ಶಬ್ದದ ಮೊದಲಕ್ಷರವನ್ನೂ ಕೊನೆಯಕ್ಷರವನ್ನೂ ಲೋಪ ಮಾಡಿದರೆ ಹೋರಾ ಎಂದಾಗುವುದೆಂದು ಕೆಲವರ ಮತವನ್ನು ವರಾಹಮಿಹಿರನು ಬೃಹಜ್ಜಾತಕದಲ್ಲಿ ಹೇಳಿದ್ದಾನೆ. ಶಬ್ದವು ಗ್ರೀಕರಿಂದ ಬಂದದ್ದೆಂದು ಈಗಿನ ಪಂಡಿತರು ಹೇಳುತ್ತಾರೆ. ಲೋಪದ ವ್ಯುತ್ಪತ್ತಿಯು ಚಮತ್ಕಾರವಾಗಿದೆಯೆಂದು ಮಾತ್ರ ಒಪ್ಪಬಹುದು. ವಾರಗಳ ಕ್ರಮವು ನಿಂತಿರುವುದೂ ಇದರ ಮೇಲೆಯೇ. ಭಾನುವಾರದ ಮೊದಲ ಹೋರೆ ರವಿಯದು. ಅಲ್ಲಿಂದ ಶುಕ್ರ, ಬುಧ, ಚಂದ್ರ, ಶನಿ, ಗುರು, ಕುಜ ಎಂದು ಸುತ್ತುತ್ತ ಬಂದರೆ ಇಪ್ಪತ್ತೆರಡನೆಯದು ಮತ್ತೆ ರವಿಯದು, ಇಪ್ಪತ್ತನಾಲ್ಕನೆಯದು ಬುಧನದು, ಇಪ್ಪತ್ತೈದನೆಯದು ಚಂದ್ರನದು. ಆದುದರಿಂದಲೇ ಭಾನುವಾರದ ಮರುದಿನ ಸೋಮವಾರ. ಇನ್ನು ದಿನಾರಂಭದ ಮಾತು. ಆರ್ಯಭಟನು ಉದಯದಿಂದ ದಿನವನ್ನೆಣಿಸುವ ಔದಯಿಕ ಪಕ್ಷವನ್ನೂ, ನಡುರಾತ್ರಿಯಿಂದ ಎಣಿಸುವ ಅರ್ಧರಾತ್ರಿಕ ಪಕ್ಷವನ್ನೂ ಎರಡನ್ನೂ ಹೇಳಿದವನು; ಸೂರ್ಯಸಿದ್ಧಾಂತದ ಗಣಿತವೂ ಅರ್ಧರಾತ್ರಿಯಿಂದಲೇ ತೊಡಗುತ್ತದೆ. ಗಣಿತಜ್ಞನಿಗೆ ಅರ್ಧರಾತ್ರಿಯೇ ಅನುಕೂಲ. ಏಕೆಂದರೆ ಉದಯವು ಋತುವಿನೊಡನೆಯೂ ಊರಿನೊಡನೆಯೂ ಹಿಂದುಮುಂದಾಗುತ್ತದೆ. ಸಂಸಾರಿಗೆ ಉದಯವೇ ಅನುಕೂಲ. ಏಕೆಂದರೆ ಅದು ಕಣ್ಣಿಗೆ ಕಾಣುತ್ತದೆ.

ಪಾಶ್ಚಾತ್ಯರಲ್ಲಿಯೂ ಈ ವಿಷಯದಲ್ಲಿ ಐಕಮತ್ಯವು ಬೇಗ ಬಂದದ್ದಲ್ಲ. ಅವರ ಖಗೋಳಜ್ಞರು ೧೯೨೫ರವರೆಗೆ ದಿನವನ್ನು ಮಧ್ಯಾಹ್ನದಿಂದ ಎಣಿಸುತ್ತಿದ್ದರು. ರಾತ್ರಿ ನಕ್ಷತ್ರ ನೋಡುವವನಿಗೆ ನಡುವೆ ತಾರೀಖು ಬದಲಾಗಬಾರದೆಂಬುದೇ ಅದರ ಕಾರಣ. ಅರಸೀಕೆರೆಯ ಆ ತಾಯಿಯ ಅಭಿಪ್ರಾಯವೂ ಅದೇ ಅಲ್ಲವೇ? ೧೮೭೬ರಲ್ಲಿ ಸ್ಯಾಂಡ್‌ಫರ್ಡ್ ಫ್ಲೆಮಿಂಗ್ ಎಂಬ ಕೆನಡಾ ದೇಶದ ರೈಲ್ವೆ ಇಂಜಿನಿಯರು ಐರ್ಲೆಂಡಿನ ಒಂದು ಸಣ್ಣ ನಿಲ್ದಾಣದಲ್ಲಿ ಗಾಡಿಯನ್ನು ತಪ್ಪಿಸಿಕೊಂಡನು. ಬೆಳಗಿನ ಗಾಡಿಯನ್ನು ವೇಳಾಪಟ್ಟಿಯಲ್ಲಿ ಸಂಜೆಯದೆಂದು ಅಚ್ಚು ಮಾಡಿದ್ದರು. ರಾತ್ರಿಯೆಲ್ಲ ನಿಲ್ದಾಣದಲ್ಲಿ ಕಳೆದ ಆತನು ದಿನಕ್ಕೆ ಎರಡು ಬಾರಿ ಹನ್ನೆರಡನ್ನು ಎಣಿಸುವುದೇ ಅನರ್ಥವೆಂದು ತೀರ್ಮಾನಿಸಿ, ಇಪ್ಪತ್ತನಾಲ್ಕು ಗಂಟೆಗಳ ಎಣಿಕೆಗಾಗಿ ಬಹುಕಾಲ ವಾದಿಸಿದನು. ೧೮೮೪ರಲ್ಲಿ ವಾಷಿಂಗ್ಟನ್ನಿನಲ್ಲಿ ಕೂಡಿದ ಸಮ್ಮೇಳನವು ವಿಶ್ವದಿನವು ಗ್ರೀನಿಚ್ಚಿನ ನಡುರಾತ್ರಿಯಲ್ಲಿ ತೊಡಗಿ ಸೊನ್ನೆಯಿಂದ ಇಪ್ಪತ್ತನಾಲ್ಕರವರೆಗೆ ಎಣಿಸಲ್ಪಡತಕ್ಕದ್ದೆಂದು ನಿರ್ಣಯಿಸಿತು. ಬ್ರಿಟಿಷ್ ಭೂಸೇನೆಯು ೧೯೧೮ರಲ್ಲಿ, ಮೊದಲನೆಯ ಮಹಾಯುದ್ಧದ ಕೊನೆಯ ವರ್ಷದಲ್ಲಿ, ಈ ಕ್ರಮವನ್ನು ಅಂಗೀಕರಿಸಿತು. ಸೇನೆಗೆ ಇದು ಬೇಕಾದ ಕಾರಣವು ಸ್ಪಷ್ಟ. ‘ಆರು ಗಂಟೆಗೆ ಹೊರಡಿ’ ಎಂಬ ಆಜ್ಞೆಯನ್ನು ಒಂದು ತುಕಡಿಯು ಬೆಳಿಗ್ಗೆಯೆಂದೂ ಇನ್ನೊಂದು ಸಂಜೆಯೆಂದೂ ತಿಳಿದರೆ ಹೋಗುವುದು ಗಾಡಿಯಲ್ಲ, ಪ್ರಾಣ.

ಹಾಗಿದ್ದರೂ ಫ್ಲೆಮಿಂಗನ ಔಷಧವು ಬೆಳಿಗ್ಗೆ ಸಂಜೆಗಳ ರೋಗಕ್ಕೆ ಮಾತ್ರ, ನಡುರಾತ್ರಿಯ ರೋಗಕ್ಕಲ್ಲ. ಕನ್ನಡದ ಆಡುಮಾತಿಗಂತೂ ಮೊದಲ ರೋಗವು ಇದ್ದದ್ದೇ ಇಲ್ಲ. ‘ಬೆಳಗಿನ ಜಾವ ನಾಲ್ಕು’, ‘ಇಳಿಹೊತ್ತು ನಾಲ್ಕು’ ಎನ್ನುವವನು ಹೇಗೆ ತಪ್ಪಿಯಾನು? ಅವನು ತಪ್ಪುವುದು ‘ಇವತ್ತು ರಾತ್ರಿ’ ಎಂಬಲ್ಲಿ. ಅವನ ಇವತ್ತಿನ ರಾತ್ರಿಯು ಕೋಳಿ ಕೂಗುವವರೆಗೂ ಇವತ್ತಿನದೇ. ರೈಲಿನವರ ಇವತ್ತು ಹನ್ನೆರಡು ಹೊಡೆಯುವಾಗಲೇ ಸತ್ತಿರುತ್ತದೆ. ಇದನ್ನರಿತೇ ಸೇನೆಯವರು ೦೦೦೦ ಎಂದು ಬರೆಯಲು ಅಂಜಿ ೨೩೫೯ ಎಂದೋ ೦೦೦೧ ಎಂದೋ ಬರೆಯುವ ರೂಢಿಯುಂಟು. ತಾರೀಖನ್ನು ಗಂಟೆಯಿಂದ ಅಗಲಿಸದೆ ಆರಂಕೆಗಳಾಗಿ ಹೊಸೆದು ಬರೆಯುವುದೂ ಉಂಟು. ಆ ಕ್ರಮದಲ್ಲಿ ಹುಡುಗನ ಸಂದೇಶವು ೧೭೦೦೫೦ ಎಂದಾಗುತ್ತಿತ್ತು. ಹದಿನಾರನೆಯ ತಾರೀಖಿನ ೨೪.೦೦ ಎಂದರೂ ಹದಿನೇಳರ ೦೦.೦೦ ಎಂದರೂ ಒಂದೇ ಕ್ಷಣ. ಒಂದು ಹೆಸರು ಕಳೆದ ದಿನದ ಬಾಲಕ್ಕೆ, ಇನ್ನೊಂದು ಬರುವ ದಿನದ ತಲೆಗೆ. ಶಾಲೆಯ ಪುಸ್ತಕಗಳಲ್ಲಿ ಹನ್ನೆರಡನ್ನು ಕಳೆಯುವುದನ್ನು ಕಲಿಸುತ್ತಾರೆ. ಸೊನ್ನೆಯಿಂದ ತೊಡಗುವ ಅಂಕೆಯನ್ನು ಕಂಡಾಗ ಹಿಂದಿನ ಸಂಜೆಯೇ ಹೊರಡಬೇಕೆಂಬ ಮಾತನ್ನೂ ಕಲಿಸಿದರೆ ಎಷ್ಟೋ ಮುದುಕರ ರಾತ್ರಿಗಳು ಉಳಿದಾವು.

ಹುಡುಗನ ಕಡೆಯ ವೃತ್ತಾಂತವು ಒಂದು ವಾರದ ಮೇಲೆ ದೂರವಾಣಿಯಲ್ಲಿ ತಿಳಿಯಿತು. ಆ ರಾತ್ರಿ ಅವನು ಗಾಡಿ ನಿಲ್ಲುವ ಮೊದಲೇ ಬಾಗಿಲಿಗೆ ಬಂದು ನಿಂತಿದ್ದನಂತೆ. ಇಳಿದು ನಿಲ್ದಾಣದ ಈ ತುದಿಯಿಂದ ಆ ತುದಿಯವರೆಗೆ ನಡೆದನಂತೆ. ಜೊತೆಗಾರರು ಕೂಗಿದ ಮೇಲೆ ಚಲಿಸುತ್ತಿದ್ದ ಗಾಡಿಯನ್ನೇರಿದನಂತೆ. ಅಪ್ಪನಿಗೆ ಮೈಗೆ ಹುಷಾರಿಲ್ಲವೇನೋ ಎಂದು ದಾರಿಯುದ್ದಕ್ಕೂ ಚಿಂತೆಯಾಯಿತೆಂದನು. ಕಜ್ಜಾಯವನ್ನು ಏನು ಮಾಡಿದಿರೆಂದು ಅವನು ಕೇಳಲಿಲ್ಲ. ಅದನ್ನು ಆ ದಂಪತಿಗಳು ಅರಸೀಕೆರೆಯಲ್ಲಿಯೇ ಆ ನೌಕರನಿಗೂ ಅಲ್ಲಿ ಮಲಗಿದ್ದ ಕೂಲಿಯವರಿಗೂ ಹಂಚಿ ಬಂದಿದ್ದರು.

ಹನ್ನೊಂದು ತಿಂಗಳ ಮೇಲೆ ಅವನಿಗೆ ರಜೆಯು ಸಿಕ್ಕಿತು. ಹಿಂದಿರುಗುವ ಗಾಡಿಯ ಚೀಟಿಯಲ್ಲಿ ೯ನೆಯ ತಾರೀಖು ೦೦.೩೫ ಎಂದಿತ್ತು. ಗೋಡೆಯ ಪಂಚಾಂಗದಲ್ಲಿ ಈ ಸಲ ಸುತ್ತು ಹಾಕಿದವಳು ತಾಯಿ. ಆಕೆ ೮ರ ಮನೆಗೂ ಹಾಕಲಿಲ್ಲ, ೯ರ ಮನೆಗೂ ಹಾಕಲಿಲ್ಲ; ಎರಡರ ನಡುವಣ ಗೆರೆಯ ಮೇಲೆ ಇದ್ದಲಿನ ಚೂರಿನಿಂದ ಒಂದು ದಪ್ಪ ಬೊಟ್ಟನ್ನಿಟ್ಟಳು. ಎಂಟರ ಸಂಜೆ, ಸೇತುವೆಯ ಆಚೆ ಕುಶಾಲನಗರದ ದೀಪಗಳು ಹತ್ತುವುದಕ್ಕೆ ಮೊದಲೇ, ಮೂವರೂ ಹೆದ್ದಾರಿಯಲ್ಲಿ ಬಸ್ಸಿಗೆ ಕಾದು ನಿಂತಿದ್ದರು. ಇನ್ನೂ ಬಹಳ ಹೊತ್ತಿದೆಯೆಂದು ಹುಡುಗನು ಹೇಳಿದನು. “ಇರಲಿ ಬಿಡು, ಮಗ” ಎಂದು ಯಜಮಾನರು ಚೀಟಿಯನ್ನು ಮತ್ತೊಮ್ಮೆ ತೆಗೆದು ನೋಡಿ ಜೇಬಿನಲ್ಲಿಟ್ಟುಕೊಂಡರು.