ಘಟ್ಟದ ಬುಡದ ಓಟಗಾರರು

ಕರ್ನಾಟಕದಲ್ಲಿ ಸಿದ್ದಾಪುರ ಎಂಬ ಹೆಸರಿನ ಊರುಗಳು ಒಂದೆರಡಲ್ಲ. ಉತ್ತರ ಕನ್ನಡದಲ್ಲಿ ತಾಲೂಕು ಕೇಂದ್ರವಾದ ಸಿದ್ದಾಪುರವಿದೆ, ಕೊಡಗಿನ ಕಾಫಿ ತೋಟಗಳ ನಡುವೆ ಇನ್ನೊಂದಿದೆ. ಇದು ಕುಂದಾಪುರದ ಸಿದ್ದಾಪುರದ ಸಂಗತಿ. ಕುಂದಾಪುರದಿಂದ ಪೂರ್ವಕ್ಕೆ ಹೊರಟ ಬಸ್ಸು ಕಂಡ್ಲೂರು, ಅಂಪಾರುಗಳನ್ನು ಹಿಂದೆ ಹಾಕಿ ಏದುಸಿರು ಬಿಡುತ್ತಾ ಏರತೊಡಗಿದಾಗ ಕಡಲ ಗಾಳಿ ಮರೆತುಹೋಗುತ್ತದೆ. ಎದುರಿಗೆ ನೀಲಿ ಗೋಡೆಯಂತೆ ಪಶ್ಚಿಮ ಘಟ್ಟ ನಿಲ್ಲುತ್ತದೆ. ಆ ಗೋಡೆಯ ಬುಡದಲ್ಲಿರುವ ಪೇಟೆಯೇ ಸಿದ್ದಾಪುರ. ಮುಂದೆ ಹೊಸಂಗಡಿ, ಆಮೇಲೆ ಬಾಳೆಬರೆ ಘಾಟಿಯ ತಿರುವುಗಳು. ಹತ್ತಿ ಮುಗಿಸಿದರೆ ಶಿವಮೊಗ್ಗ ಜಿಲ್ಲೆ.

ಇಲ್ಲಿ ಸಮತಟ್ಟಾದ ನೆಲಕ್ಕೆ ಬರ. ಬೈಲಿನಲ್ಲಿ ಗದ್ದೆ, ಅದರ ಅಂಚಿನಲ್ಲಿ ಅಡಿಕೆ ತೋಟ, ಮೇಲೆ ಹಾಡಿ, ಹಾಡಿಯ ಆಚೆ ಮುರಕಲ್ಲಿನ ಬೋಳು ಗುಡ್ಡ, ಇಳಿದರೆ ಮತ್ತೊಂದು ಬೈಲು. ವರ್ಷಕ್ಕೆ 4,000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆ ಈ ನೆಲವನ್ನು ಕೊರೆದು ತೋಡುಗಳನ್ನು ಮಾಡಿದೆ. ತೋಡು ದಾಟಲು ಅಡಿಕೆ ಮರದ ಸಂಕ. ಮನೆಯೊಂದು ಗುಡ್ಡದಲ್ಲಿ, ಶಾಲೆಯೊಂದು ಗುಡ್ಡದಲ್ಲಿ. ನಡುವಿನ ದಾರಿಯನ್ನು ಚೀಲ ಹೊತ್ತ ಮಕ್ಕಳು ದಿನಕ್ಕೆರಡು ಸಲ ನಡೆಯಬೇಕು, ತಡವಾದರೆ ಓಡಬೇಕು. ಪಠ್ಯಪುಸ್ತಕ ಹೇಳಿಕೊಡದ ಒಂದು ವಿದ್ಯೆಯನ್ನು ಈ ದಾರಿ ತಾನಾಗಿ ಕಲಿಸುತ್ತದೆ. ಅದಕ್ಕೆ ಕ್ರೀಡಾಕೂಟದಲ್ಲಿ ಇರುವ ಹೆಸರು ಗುಡ್ಡಗಾಡು ಓಟ.

ಮೊಲ ಮತ್ತು ಬೇಟೆನಾಯಿ

ಗುಡ್ಡಗಾಡು ಓಟ ಶಾಲೆಯ ಮಕ್ಕಳ ಆಟದಿಂದಲೇ ಬೆಳೆದದ್ದು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಶಾಲೆಗಳಲ್ಲಿ ಒಬ್ಬಿಬ್ಬರು ಹುಡುಗರು ‘ಮೊಲ’ಗಳಾಗಿ ಕಾಗದದ ಚೂರು ಚೆಲ್ಲುತ್ತಾ ಹೊಲ, ಬೇಲಿ, ಹಳ್ಳ ದಾಟಿ ಓಡುತ್ತಿದ್ದರು. ಉಳಿದವರು ‘ಬೇಟೆನಾಯಿ’ಗಳಾಗಿ ಆ ಜಾಡು ಹಿಡಿದು ಬೆನ್ನಟ್ಟುತ್ತಿದ್ದರು. ಈ ಆಟವೇ ಮುಂದೆ ನಿಯಮಬದ್ಧ ಸ್ಪರ್ಧೆಯಾಯಿತು. 1912, 1920 ಮತ್ತು 1924ರ ಒಲಿಂಪಿಕ್ಸ್‌ಗಳಲ್ಲಿ ಇದಕ್ಕೆ ಜಾಗವಿತ್ತು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನ ದಿನ ಬಿಸಿಲು ಎಷ್ಟು ಉಗ್ರವಾಗಿತ್ತೆಂದರೆ, ಹೊರಟ 38 ಮಂದಿಯಲ್ಲಿ ಗುರಿ ಮುಟ್ಟಿದವರು 15 ಮಂದಿ ಮಾತ್ರ. ಫಿನ್ಲೆಂಡಿನ ಪಾವೊ ನುರ್ಮಿ ಗೆದ್ದರು. ಅಲ್ಲಿಗೆ ಒಲಿಂಪಿಕ್ಸ್‌ನಲ್ಲಿ ಈ ಓಟ ಕೊನೆಗೊಂಡಿತು. ವಿಶ್ವ ಚಾಂಪಿಯನ್‌ಶಿಪ್ ಮಾತ್ರ 1973ರಲ್ಲಿ ಬೆಲ್ಜಿಯಂನಲ್ಲಿ ಆರಂಭವಾಗಿ ಇಂದಿಗೂ ನಡೆದುಬಂದಿದೆ.

ನಮ್ಮಲ್ಲಿ ಶಾಲಾ ಕ್ರೀಡಾಕೂಟಗಳದ್ದು ಮೆಟ್ಟಿಲು ಮೆಟ್ಟಿಲಿನ ವ್ಯವಸ್ಥೆ. ವಲಯ, ತಾಲೂಕು, ಜಿಲ್ಲೆ. ಅದಾದ ಮೇಲೆ ಮೈಸೂರು ವಿಭಾಗ, ಆಮೇಲೆ ರಾಜ್ಯ. ಘಟ್ಟದ ಬುಡದ ಮಕ್ಕಳಿಗೆ ಕುಂದಾಪುರದ ಗಾಂಧಿ ಮೈದಾನವೇ ದೊಡ್ಡ ಪ್ರಪಂಚ. ಉಡುಪಿಯ ಅಜ್ಜರಕಾಡು ಕ್ರೀಡಾಂಗಣ ಅದಕ್ಕೂ ಆಚೆಯ ಕನಸು.

ನಾಲ್ಕನೆಯವಳು

ಪ್ರತಿ ಶಾಲೆಯ ತಂಡದಲ್ಲೂ ಒಬ್ಬಳು ನಾಲ್ಕನೆಯವಳು ಇರುತ್ತಾಳೆ. ಮೊದಲಿನವಳ ಹೆಸರು ಊರಿಗೆಲ್ಲ ಗೊತ್ತು. ಎರಡನೆಯವಳು ಅವಳ ಬೆನ್ನಿಗೇ ಇರುತ್ತಾಳೆ, ಮೂರನೆಯವಳಿಗೂ ಒಮ್ಮೊಮ್ಮೆ ಚಪ್ಪಾಳೆ ಉಂಟು. ನಾಲ್ಕನೆಯವಳನ್ನು ಯಾರೂ ಗಮನಿಸುವುದಿಲ್ಲ. ಪಿ.ಟಿ. ಮಾಷ್ಟ್ರು ಹೆಸರು ಬರೆದುಕೊಂಡಾಗ ಅವಳಿಗೇ ಆಶ್ಚರ್ಯ. ಮನೆಯಲ್ಲಿ ಅಮ್ಮನದು ಇನ್ನೊಂದು ಮಾತು: “ಹತ್ತನೇ ಕ್ಲಾಸ್ ಅಲ್ದಾ, ಈ ವರ್ಷ ಆಟ ಸಾಕ್.”

ಆದರೆ ಗುಡ್ಡಗಾಡು ಓಟದ ಲೆಕ್ಕವೇ ಬೇರೆ. ತಂಡ ಪ್ರಶಸ್ತಿ ಇಟ್ಟಲ್ಲಿ ಓಟಗಾರರು ಪಡೆದ ಸ್ಥಾನಗಳನ್ನು ಕೂಡುತ್ತಾರೆ. ಮೊತ್ತ ಯಾರದು ಕಡಿಮೆಯೋ ಆ ತಂಡಕ್ಕೆ ಗೆಲುವು. ವಿಶ್ವ ಚಾಂಪಿಯನ್‌ಶಿಪ್‌ನ ಹಿರಿಯರ ಓಟದಲ್ಲಿ ಒಂದು ದೇಶದಿಂದ ಆರು ಮಂದಿ ಓಡಿದರೆ ನಾಲ್ವರ ಸ್ಥಾನ ಲೆಕ್ಕಕ್ಕೆ ಬರುತ್ತದೆ. ಅಮೆರಿಕದ ಹೈಸ್ಕೂಲುಗಳಲ್ಲಿ ಏಳು ಮಂದಿ ಓಡಿ ಐವರದ್ದನ್ನು ಕೂಡುವುದು ರೂಢಿ.

ಉದಾಹರಣೆಗೆ, ಒಂದು ಶಾಲೆಯ ನಾಲ್ವರು 1, 2, 9 ಮತ್ತು 30ನೇ ಸ್ಥಾನ ಪಡೆದರೆ ಮೊತ್ತ 42. ಇನ್ನೊಂದು ಶಾಲೆಯವರು 5, 8, 11 ಮತ್ತು 13ನೆಯವರಾಗಿ ಬಂದರೆ ಮೊತ್ತ 37. ಮೊದಲೆರಡು ಪದಕ ಗೆದ್ದ ಶಾಲೆ ತಂಡವಾಗಿ ಸೋಲುತ್ತದೆ! ಆದರೆ ಅದೇ ಶಾಲೆಯ ನಾಲ್ಕನೆಯವಳು ಕೊನೆಯ ಏರಿನಲ್ಲಿ ಹಲ್ಲುಕಚ್ಚಿ ಆರು ಮಂದಿಯನ್ನು ಹಿಂದೆ ಹಾಕಿ 24ನೆಯವಳಾದರೆ ಮೊತ್ತ 36. ಆಗ ಕಪ್ ಇವರದ್ದು. ಅಂದರೆ ಮೊದಲಿನವಳ ಕೈಯಲ್ಲಿಲ್ಲದ ಗೆಲುವು ನಾಲ್ಕನೆಯವಳ ಕಾಲಿನಲ್ಲಿದೆ. ಮುಂದಿನವರು ಎಷ್ಟು ಬೇಗ ಬಂದರೂ ಹಿಂದಿನವರಿಗಾಗಿ ಕಾಯಲೇಬೇಕಾದ ಆಟ ಇದು.

ಓಟದ ದಿನ

ಮಳೆ ಇಳಿಮುಖವಾದ ದಿನಗಳ ಒಂದು ಬೆಳಿಗ್ಗೆ ಮೊದಲ ಬಸ್ಸಿಗೇ ತಂಡ ಹೊರಡುತ್ತದೆ. ಹೊಟ್ಟೆಯಲ್ಲಿ ಕುಚ್ಚಲಕ್ಕಿ ಗಂಜಿ, ಚೀಲದಲ್ಲಿ ನೀರು, ಲಿಂಬೆ, ಉಪ್ಪು. ಕೆಲವರ ಕಾಲಲ್ಲಿ ಕ್ಯಾನ್ವಾಸ್ ಶೂ, ಕೆಲವರದು ಬರಿಗಾಲು. ಎದೆಗೆ ಪಿನ್ನು ಚುಚ್ಚಿದ ನಂಬರು.

ಸೀಟಿ ಊದಿದ ಕೂಡಲೇ ಎಲ್ಲರೂ ನೂರು ಮೀಟರ್ ಓಟವೆಂಬಂತೆ ನುಗ್ಗುತ್ತಾರೆ. ಇಲ್ಲೇ ಮೊದಲ ತಪ್ಪು. ಮೈದಾನ ದಾಟಿ ರಸ್ತೆಗೆ ಬರುವಷ್ಟರಲ್ಲಿ ಅರ್ಧದಷ್ಟು ಮಕ್ಕಳ ಬಾಯಿ ತೆರೆದಿರುತ್ತದೆ. ಮೊದಲ ಏರಿನಲ್ಲಿ ಕೆಲವರಿಗೆ ಪಕ್ಕೆ ಹಿಡಿದುಕೊಳ್ಳುತ್ತದೆ, ಕೆಲವರು ನಡೆಯತೊಡಗುತ್ತಾರೆ. ಆಗ ನಮ್ಮ ನಾಲ್ಕನೆಯವಳು ಹಿಂದಿನಿಂದ ಬರುತ್ತಾಳೆ. ಅವಳಿಗೆ ವೇಗ ಕಡಿಮೆ. ಆದರೆ ಏರು ಹೊಸದಲ್ಲ. ಹೆಜ್ಜೆ ಗಿಡ್ಡ ಮಾಡಿ, ಸ್ವಲ್ಪ ಮುಂದೆ ಬಾಗಿ, ದಿನವೂ ಶಾಲೆಗೆ ಹತ್ತುವ ಗುಡ್ಡವೆಂಬಂತೆ ಹತ್ತುತ್ತಾಳೆ. ತಿರುವಿನಲ್ಲಿ ನಿಂತ ಶಿಕ್ಷಕರು ಅವಳ ಕೈಗೆ ಶಾಯಿಯ ಗುರುತು ಹಾಕುತ್ತಾರೆ. ದಾರಿ ತಪ್ಪಿಸದೆ ಪೂರ್ತಿ ಓಡಿದ್ದಕ್ಕೆ ಅದೇ ಸಾಕ್ಷಿ.

ಇಳಿಜಾರಿನಲ್ಲಿ ಓಟ ಸುಲಭ ಎಂದು ಕಾಣುತ್ತದೆ, ಆದರೆ ತೊಡೆಯ ಸ್ನಾಯುಗಳಿಗೆ ನಿಜವಾದ ಪೆಟ್ಟು ಬೀಳುವುದು ಅಲ್ಲಿಯೇ. ಇಳಿಯುವಾಗ ಸ್ನಾಯು ಚಾಚಿಕೊಳ್ಳುತ್ತಲೇ ದೇಹದ ಭಾರವನ್ನು ಹಿಡಿದು ನಿಲ್ಲಿಸಬೇಕು. ಮರುದಿನ ಮೆಟ್ಟಿಲು ಇಳಿಯುವಾಗ ಕಾಲು ನೋಯುವುದು ಇದೇ ಕಾರಣಕ್ಕೆ. ಕೊನೆಯ ಅರ್ಧ ಕಿಲೋಮೀಟರಿನಲ್ಲಿ ರಸ್ತೆ ಬದಿಯ ಹೆಂಗಸೊಬ್ಬರು ಗುರುತು ಪರಿಚಯವಿಲ್ಲದಿದ್ದರೂ ಕೂಗುತ್ತಾರೆ: “ಓಡ್ ಹೆಣ್ಣೇ, ಬಿಡ್ಬೇಡ!” ಅವಳು ಬಿಡುವುದಿಲ್ಲ. ಗುರಿ ಮುಟ್ಟಿದವಳ ಕೈಗೆ ಸ್ಥಾನದ ಚೀಟಿ ಬರುತ್ತದೆ. ಮೊದಲೇ ಬಂದು ಕುಳಿತ ಮೂವರೂ ಎದ್ದು ಓಡಿಬಂದು ಆ ಚೀಟಿ ನೋಡುತ್ತಾರೆ. ನಾಲ್ಕು ಸಂಖ್ಯೆಗಳನ್ನು ಬೆರಳಿನಲ್ಲಿ ಕೂಡುವ ಆ ಒಂದು ನಿಮಿಷ ಇಡೀ ಓಟಕ್ಕಿಂತ ಉದ್ದ.

ಒಂದು ತುತ್ತಿನ ಲೆಕ್ಕ

ವಿಜ್ಞಾನದ ವಿದ್ಯಾರ್ಥಿಗಳಿಗೆ ಸಿದ್ದಾಪುರದ ಪಕ್ಕದಲ್ಲೇ ಒಂದು ದೊಡ್ಡ ಪಾಠವಿದೆ. ಹೊಸಂಗಡಿಯಲ್ಲಿ ನೆಲದೊಳಗೆ ಕಟ್ಟಿದ ವಾರಾಹಿ ವಿದ್ಯುದಾಗಾರದಲ್ಲಿ 115 ಮೆಗಾವಾಟಿನ ನಾಲ್ಕು ಘಟಕಗಳಿವೆ. ಘಟ್ಟದ ಮೇಲಿಂದ ಬೀಳುವ ನೀರು ಎತ್ತರವನ್ನು ಕಳೆದುಕೊಂಡು ವಿದ್ಯುತ್ತನ್ನು ಕೊಡುತ್ತದೆ. ಗುಡ್ಡ ಹತ್ತುವ ಮಗು ಅದೇ ಸೂತ್ರದಂತೆ ಎತ್ತರವನ್ನು ಪಡೆದು ಶಕ್ತಿಯನ್ನು ತೆರುತ್ತದೆ.

40 ಕಿಲೋ ತೂಕದ ಹುಡುಗಿ 50 ಮೀಟರ್ ಎತ್ತರ ಹತ್ತಿದರೆ ಮಾಡುವ ಕೆಲಸ 40 × 9.8 × 50, ಅಂದರೆ 19,600 ಜೂಲ್. ಸ್ನಾಯುಗಳು ಖರ್ಚಿನ ಸುಮಾರು ಕಾಲುಭಾಗವನ್ನಷ್ಟೇ ಕೆಲಸವಾಗಿಸುತ್ತವೆ, ಉಳಿದದ್ದು ಶಾಖ. ಆದ್ದರಿಂದ ನಿಜವಾದ ಖರ್ಚು ಸುಮಾರು 80,000 ಜೂಲ್, ಅಂದರೆ 19 ಕಿಲೋಕ್ಯಾಲರಿ. ಒಂದು ತುತ್ತು ಅನ್ನದಲ್ಲಿ ಅಷ್ಟು ಸಿಗುತ್ತದೆ! ಹಾಗಿದ್ದರೆ ಏರಿನಲ್ಲಿ ಮಕ್ಕಳು ಸೋಲುವುದೇಕೆ? ಶಕ್ತಿ ಸಾಲದೆ ಅಲ್ಲ, ಆಮ್ಲಜನಕ ಸಾಕಷ್ಟು ಬೇಗ ತಲುಪದೆ. ಆರಂಭದಲ್ಲೇ ನುಗ್ಗಿದವರು ಆ ಸಾಲವನ್ನು ಏರಿನಲ್ಲಿ ತೀರಿಸಬೇಕಾಗುತ್ತದೆ.

ಆಮ್ಲಜನಕವನ್ನು ಹೊರುವುದು ರಕ್ತದ ಹಿಮೋಗ್ಲೋಬಿನ್, ಅದಕ್ಕೆ ಬೇಕಾದದ್ದು ಕಬ್ಬಿಣದ ಅಂಶ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇದೆ. ಬೇಗ ಸುಸ್ತಾಗುವ ಹುಡುಗಿಯನ್ನು ಸೋಮಾರಿ ಎನ್ನುವ ಮೊದಲು ಆಸ್ಪತ್ರೆಯಲ್ಲಿ ಒಮ್ಮೆ ರಕ್ತ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಶಾಲೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆಯನ್ನು ಹೊರಗೆ ಎಸೆಯುವ ಮಕ್ಕಳೂ ಇದನ್ನು ನೆನಪಿಡಬೇಕು.

ಇನ್ನು ಕರಾವಳಿಯ ಬೆವರು. ಒಂದು ಲೀಟರ್ ಬೆವರು ಆರಿದರೆ ದೇಹದಿಂದ ಸುಮಾರು 2,400 ಕಿಲೋಜೂಲ್ ಶಾಖವನ್ನು ಒಯ್ಯುತ್ತದೆ. ಆದರೆ ತೇವಾಂಶ ತುಂಬಿದ ಗಾಳಿಯಲ್ಲಿ ಬೆವರು ಆರದೆ ತೊಟ್ಟಿಕ್ಕುತ್ತದೆ, ತೊಟ್ಟಿಕ್ಕಿದ ಬೆವರಿನಿಂದ ತಂಪಿಲ್ಲ. 2007ರ ವಿಶ್ವ ಗುಡ್ಡಗಾಡು ಓಟ ನಮ್ಮ ಕರಾವಳಿಯಂತೆಯೇ ಸೆಕೆಯಿರುವ ಕೀನ್ಯಾದ ಮೊಂಬಾಸಾದಲ್ಲಿ ನಡೆಯಿತು. ಅದಕ್ಕೆ ಮೊದಲು ಸತತ ಐದು ವರ್ಷ ಗೆದ್ದಿದ್ದ ಇಥಿಯೋಪಿಯಾದ ಕೆನೆನಿಸಾ ಬೆಕೆಲೆಯವರಂಥವರೇ ಅಂದು ಅರ್ಧದಲ್ಲಿ ನಿಲ್ಲಬೇಕಾಯಿತು. ಆದ್ದರಿಂದ ಓಟ ಬೆಳಿಗ್ಗೆ ಬೇಗ ಆರಂಭವಾಗಬೇಕು, ದಾರಿಯಲ್ಲಿ ನೀರಿರಬೇಕು, ತಲೆ ಸುತ್ತಿದವರನ್ನು ನೆರಳಿಗೆ ಕರೆದೊಯ್ಯುವವರಿರಬೇಕು. ನಿಂತವರನ್ನು ಯಾರೂ ಹೀಗಳೆಯಬಾರದು.

ಜನ್ಸಾಲೆಯಿಂದ ಗುವಾಂಗ್‌ಝೌಗೆ

ಈ ದಾರಿಗಳು ಎಲ್ಲಿಗೆ ಹೋಗುತ್ತವೆ ಎಂದು ಕೇಳುವವರಿಗೆ ಸಿದ್ದಾಪುರದಲ್ಲೇ ಉತ್ತರವಿದೆ. ಇಲ್ಲಿನ ಜನ್ಸಾಲೆಯ ಕೃಷಿಕ ಕುಟುಂಬದಲ್ಲಿ 1987ರಲ್ಲಿ ಹುಟ್ಟಿದ ಅಶ್ವಿನಿ ಅಕ್ಕುಂಜಿ 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ 4×400 ಮೀಟರ್ ರಿಲೇಯಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. ಮರುತಿಂಗಳೇ ಚೀನಾದ ಗುವಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಓಟವನ್ನು 56.15 ಸೆಕೆಂಡುಗಳಲ್ಲಿ ಗೆದ್ದರು, ರಿಲೇಯಲ್ಲೂ ಚಿನ್ನ ಪಡೆದರು. ಅವರು ಹೆಸರು ಮಾಡಿದ್ದು ಗುಡ್ಡಗಾಡು ಓಟದಲ್ಲಲ್ಲ, ಟ್ರ್ಯಾಕಿನಲ್ಲಿ. ಆದರೂ ಮೂರು ಚಿನ್ನಗಳಲ್ಲಿ ಎರಡು ನಾಲ್ವರು ಕೂಡಿ ಗೆದ್ದವು ಎಂಬುದು ಗಮನಿಸತಕ್ಕದ್ದು.

ಈ ಕಥೆಯ ಇನ್ನೊಂದು ಪುಟವನ್ನೂ ಮಕ್ಕಳು ಓದಬೇಕು. 2011ರಲ್ಲಿ ಅವರು ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ತಾವು ತಿಳಿದು ಸೇವಿಸಿಲ್ಲ, ತರಬೇತುದಾರರು ಕೊಟ್ಟ ಜಿನ್‌ಸೆಂಗ್ ಪೂರಕದಿಂದ ಅದು ದೇಹ ಸೇರಿತು ಎಂದು ಅವರು ವಾದಿಸಿದರು. ಮೊದಲು ಒಂದು ವರ್ಷವಿದ್ದ ನಿಷೇಧವನ್ನು 2012ರಲ್ಲಿ ಅಂತಾರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಎರಡು ವರ್ಷಕ್ಕೆ ಏರಿಸಿತು. ಶಿಕ್ಷೆ ಮುಗಿಸಿ ಅವರು ಮತ್ತೆ ಟ್ರ್ಯಾಕಿಗೆ ಮರಳಿದರು. ‘ಶಕ್ತಿ ಬರುತ್ತದೆ’ ಎಂದು ಯಾರೋ ಕೊಟ್ಟ ಪುಡಿ, ಗುಳಿಗೆಗಳನ್ನು ಮಕ್ಕಳಿಗೆ ಕೊಡುವ ಮೊದಲು ಹೆತ್ತವರು ನೂರು ಸಲ ಯೋಚಿಸಬೇಕು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಹೈಸ್ಕೂಲಿನ ಓಟಕ್ಕೆ ಗಂಜಿ, ಹೆಸರುಕಾಳು, ಬಸಳೆ, ಮೊಟ್ಟೆ ಅಥವಾ ಮೀನು, ಮತ್ತು ರಾತ್ರಿ ಒಳ್ಳೆಯ ನಿದ್ದೆ ಸಾಕು.

ಸಂಕದ ಆಚೆ ಈಚೆ

ಗುಡ್ಡದ ದಾರಿಯನ್ನು ಹೊಗಳುವುದು ಸುಲಭ. ಆದರೆ 2022ರ ಮಳೆಗಾಲದಲ್ಲಿ ಬೈಂದೂರು ಕಡೆ ಶಾಲೆಯಿಂದ ಮರಳುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ಕಾಲುಸಂಕದಿಂದ ಬಿದ್ದು ನೀರುಪಾಲಾದದ್ದನ್ನು ಈ ಭಾಗದ ಜನ ಮರೆತಿಲ್ಲ. ಮಕ್ಕಳಿಗೆ ಬೇಕಾದದ್ದು ಗಟ್ಟಿ ಸೇತುವೆ. ಅಪಾಯವನ್ನು ಅಭ್ಯಾಸವೆಂದು ಕರೆಯುವಂತಿಲ್ಲ. ಹಾಗೆಯೇ ಅಂಗಳಕ್ಕೇ ಬರುವ ಶಾಲಾ ವಾಹನವನ್ನು ಬೇಡವೆಂದು ಹೇಳುವವರೂ ಇಲ್ಲ. ಆದರೆ ವಾಹನ ಬಂದ ಮೇಲೆ ದಾರಿ ಪುಕ್ಕಟೆಯಾಗಿ ಕಲಿಸುತ್ತಿದ್ದ ವಿದ್ಯೆ ನಿಂತುಹೋಗಿದೆ. ಅದನ್ನು ಈಗ ಬೇಕೆಂದೇ ಕಲಿಸಬೇಕು. ಸಂಜೆ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ, ಮೈದಾನದ ಹಿಂದಿನ ಗುಡ್ಡ, ಜತೆಗೆ ಓಡಲು ನಾಲ್ಕು ಜನ. ಖರ್ಚು ಇಷ್ಟೇ.

ಹತ್ತನೇ ತರಗತಿಯ ಭಯ ಸಹಜವೇ. ಆದರೆ ಏರಿನಲ್ಲಿ ನಡೆಯದೆ ಓಡಿದ ಮಗು ಗಣಿತದ ಕಷ್ಟದ ಲೆಕ್ಕದೆದುರೂ ಬೇಗ ಪೆನ್ನು ಕೆಳಗಿಡಲಾರದು. ಅಂಕಪಟ್ಟಿ ಮಗುವಿನ ಮುಂದೆ ಎಷ್ಟು ಜನ ಇದ್ದಾರೆ ಎಂದು ಹೇಳುತ್ತದೆ. ಗುಡ್ಡಗಾಡು ಓಟದ ಪಟ್ಟಿ ಇನ್ನೊಂದನ್ನೂ ಹೇಳುತ್ತದೆ: ಯಾರು ಆ ಮಗುವಿಗಾಗಿ ಕಾಯುತ್ತಿದ್ದಾರೆ ಎಂದು.

ಸಂಜೆಯ ಬಸ್ಸು ಅಂಪಾರು ದಾಟಿ ಏರತೊಡಗುವಾಗ ಹಿಂದಿನ ಸೀಟಿನಲ್ಲಿ ನಾಲ್ವರು ಹುಡುಗಿಯರು ಒಬ್ಬರ ಮೇಲೊಬ್ಬರು ಒರಗಿ ನಿದ್ದೆಹೋಗಿರುತ್ತಾರೆ. ಕಪ್ ಬಂದಿದ್ದರೆ ಅದು ಯಾರದೋ ಮಡಿಲಲ್ಲಿರುತ್ತದೆ. ಬಾರದಿದ್ದರೂ ನಾಲ್ಕನೆಯವಳ ಮುಷ್ಟಿಯಲ್ಲಿ ಬೆವರಿಗೆ ಮೆತ್ತಗಾದ ಸ್ಥಾನದ ಚೀಟಿಯೊಂದು ಇರುತ್ತದೆ. ಮನೆಗೆ ಬಂದ ಮೇಲೆ ಅದನ್ನು ಬಿಡಿಸಿ ನೋಡುವ ಕೈ ಅಮ್ಮನದೋ ಅಪ್ಪನದೋ ಆದರೆ, ಆ ದಿನದ ಓಟ ಪೂರ್ತಿಯಾದಂತೆ.