ಕಲ್ಯಾಣದುರ್ಗದ ಬಿಸಿಲಿನಲ್ಲಿ ಒಂದು ಗಣಕ

ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ನಾವು ಹೋಗುವ ದಾರಿ ಆಂಧ್ರದಲ್ಲಿ ಹೊರಟು ಆಂಧ್ರದಲ್ಲೇ ಮುಗಿಯುವುದಾದರೂ ನಡುವೆ ಒಮ್ಮೆ ಕರ್ನಾಟಕವನ್ನು ಹೊಕ್ಕು ಹೊರಬರುತ್ತದೆ. ಮಡಕಶಿರಾ ದಾಟಿದರೆ ಪಾವಗಡ. ಮೂರು ದಿಕ್ಕಿನಲ್ಲಿ ಆಂಧ್ರವನ್ನೇ ನೆರೆಯಾಗಿ ಪಡೆದಿರುವ, ತುಮಕೂರು ಜಿಲ್ಲೆಯ ತಾಲ್ಲೂಕು ಅದು. ಅಲ್ಲಿಂದ ಮುಂದೆ ಕಂಬದೂರು, ಬಳಿಕ ಕಲ್ಯಾಣದುರ್ಗ. 2022ರ ಏಪ್ರಿಲಿನಲ್ಲಿ ಜಿಲ್ಲೆಯನ್ನು ಒಡೆದ ಮೇಲೆ ನಮ್ಮ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಅಕ್ಕನ ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಹೀಗೆ ಅಕ್ಕನ ಮನೆಗೆ ಹೋಗಬೇಕಾದರೆ ಈಗ ಮೂರು ಜಿಲ್ಲೆಗಳ ನೆಲವನ್ನು ತುಳಿಯಬೇಕು. ದಾರಿಯುದ್ದಕ್ಕೂ ಅಂಗಡಿ ಫಲಕಗಳ ಲಿಪಿ ಬದಲಾಗುತ್ತದೆ. ಜನರ ಮಾತು ಅಷ್ಟು ಬೇಗ ಬದಲಾಗುವುದಿಲ್ಲ.

ಕಳೆದ ಮೇ ತಿಂಗಳ ಒಂದು ಬೆಳಗ್ಗೆ ನಾವು ಈ ದಾರಿ ಹಿಡಿದಾಗ ನಮ್ಮ ತೊಡೆಯ ಮೇಲೆ ಇಪ್ಪತ್ತೇಳು ಅಂಗುಲದ ಮಾನಿಟರಿನ ಪೆಟ್ಟಿಗೆಯೊಂದು ಕುಳಿತಿತ್ತು. ಕಂಡಕ್ಟರು ಅದನ್ನು ಟೀವಿಯೆಂದು ತಿಳಿದು, “ಕ್ರಿಕೆಟ್ ನೋಡೋಕಾ ಸಾರ್?” ಎಂದು ಕೇಳಿದರು. ಅಲ್ಲವೆಂದು ವಿವರಿಸುವ ಉತ್ಸಾಹ ನಮಗಿರಲಿಲ್ಲ. ಏಕೆಂದರೆ ಪೆಟ್ಟಿಗೆಯೊಳಗಿನ ವಸ್ತು ಅಕ್ಕನ ಮನೆಯಲ್ಲಿ ಉಳಿಯುವುದೋ, ನಮ್ಮೊಡನೆಯೇ ಹಿಂದಿರುಗುವುದೋ ನಮಗೇ ತಿಳಿದಿರಲಿಲ್ಲ.

ಸಂಗತಿ ಹೀಗೆ. ಅಕ್ಕನ ಮನೆಯವರು ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವವರು. ಗೂಡನ್ನು ಹಿಂದೂಪುರದ ಮಾರುಕಟ್ಟೆಗೆ ತಂದು ಮಾರುತ್ತಾರೆ; ಬಂದಾಗ ನಮ್ಮ ಮನೆಯಲ್ಲೇ ತಂಗುತ್ತಾರೆ. ಸಂಕ್ರಾಂತಿಗೆ ಮುಂಚಿನ ಬೆಳೆಗೆ ಒಳ್ಳೆಯ ದರ ಸಿಕ್ಕಿತು. ಇಂಟರ್ಮೀಡಿಯೆಟ್ ಓದುತ್ತಿರುವ ಮಗನ ಎರಡು ವರ್ಷದ ಬೇಡಿಕೆಯನ್ನು ನೆನೆದು, ಅಕ್ಕ ನೋಟಿನ ಕಟ್ಟನ್ನು ನಮ್ಮ ಕೈಗಿತ್ತು, “ಅವನಿಗೆ ಆ ಕಂಪ್ಯೂಟರ್ ಕೊಡಿಸಿಬಿಡು ತಮ್ಮಾ. ಆಟಕ್ಕೂ ಆಗ್ಲಿ, ಓದಿಗೂ ಆಗ್ಲಿ” ಎಂದಳು. ಮಾವ ಅಳಿಯ ಇಬ್ಬರೂ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಸಾದರ್ ಪತ್ರಪ್ಪ ರಸ್ತೆಯ ಸಂದಿಗೊಂದಿಗಳಲ್ಲಿ ಒಂದು ಹಗಲೆಲ್ಲ ಅಲೆದು, ಬಿಡಿಭಾಗಗಳನ್ನು ಕೊಂಡು ತಂದೆವು. ಹಣ ಅಲ್ಲಿಗೆ ಮುಗಿಯಿತು. ಮಾನಿಟರಿಗೆ ಮುಂದಿನ ಬೆಳೆ ಬರಲೆಂದು, ನಮ್ಮ ಮನೆಯ ಅಟ್ಟದಲ್ಲಿದ್ದ ಹಳೆಯ ಚಿಕ್ಕ ಪರದೆಯನ್ನೇ ಜೋಡಿಸಿದೆವು.

ಹುಡುಗ ಒಂದು ವಾರ ನಮ್ಮಲ್ಲೇ ಉಳಿದ. ಅವನು ಆ ವಾರ ಮಾಡಿದ ಕೆಲಸಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ಗಣಕದ ಪ್ರೊಸೆಸರು ತಾಳಕ್ಕೆ ನಡೆಯುವ ಯಂತ್ರ. ಮೂಲತಾಳ ಸೆಕೆಂಡಿಗೆ ಹತ್ತು ಕೋಟಿ ಬಡಿತ, ಅಂದರೆ 100 ಮೆಗಾಹರ್ಟ್ಸ್. ಇದನ್ನು ಒಂದು ಗುಣಕದಿಂದ ಗುಣಿಸಿ ಪ್ರೊಸೆಸರು ತನ್ನ ವೇಗವನ್ನು ಪಡೆಯುತ್ತದೆ. ಗುಣಕ 47 ಆದರೆ ವೇಗ 4.7 ಗಿಗಾಹರ್ಟ್ಸ್. ಗುಣಕಕ್ಕೆ ಬೀಗ ಹಾಕದ ಪ್ರೊಸೆಸರುಗಳೂ ಉಂಟು. ಇಂಟೆಲಿನವಾದರೆ ಹೆಸರಿನ ಕೊನೆಗೆ ‘ಕೆ’ ಅಕ್ಷರವಿರುತ್ತದೆ. ಅಂಥವುಗಳಲ್ಲಿ ಬಯಾಸ್ ಪುಟವನ್ನು ತೆರೆದು, ತಯಾರಕರು ಗೊತ್ತುಮಾಡಿದ ವೇಗವನ್ನು ನಾವೇ ಏರಿಸಬಹುದು. ವೇಗ ಏರಿದಾಗ ಪ್ರೊಸೆಸರು ಎಡವದಿರಲೆಂದು ವೋಲ್ಟೇಜನ್ನೂ ತುಸು ಏರಿಸಬೇಕಾಗುತ್ತದೆ. 1998ರಲ್ಲಿ ಇಂಟೆಲ್ ಹೊರತಂದ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರನ್ನು 300ರಿಂದ 450 ಮೆಗಾಹರ್ಟ್ಸಿಗೆ ಏರಿಸಿ, ಅರ್ಧದಷ್ಟು ಹೆಚ್ಚಿನ ವೇಗವನ್ನು ಬಿಟ್ಟಿಯಾಗಿ ಪಡೆದವರು ಲೋಕದಲ್ಲೆಲ್ಲ ಇದ್ದರು. ಆ ಕಥೆಯೇ ಇಂದಿಗೂ ಹುಡುಗರ ಕಿವಿಯಲ್ಲಿ ಗುಂಯ್‌ಗುಡುತ್ತಿದೆ. ಆದರೆ ಈಗಿನ ಪ್ರೊಸೆಸರುಗಳು ತಮ್ಮ ಶಕ್ತಿಯ ಅಂಚಿನವರೆಗೆ ತಾವೇ ಓಡುವಂತೆ ರಚಿತವಾಗಿವೆ. ಕೈಹಾಕಿ ಹಿಂಡಿದರೂ ಸಿಗುವುದು ಹನಿಯಷ್ಟೇ.

ಅಳಿಯ ಗುಣಕವನ್ನು 47ರಿಂದ 51ಕ್ಕೂ, ವೋಲ್ಟೇಜನ್ನು 1.20ರಿಂದ 1.32ಕ್ಕೂ ಏರಿಸಿದ. ಜನವರಿಯ ರಾತ್ರಿ, ಕೋಣೆಯೊಳಗೆ 21 ಡಿಗ್ರಿ. ಪರೀಕ್ಷೆಯ ತಂತ್ರಾಂಶವನ್ನು ಒಂದು ಗಂಟೆ ಓಡಿಸಿದರೂ ಪ್ರೊಸೆಸರಿನ ಶಾಖ 76 ಡಿಗ್ರಿಯನ್ನು ದಾಟಲಿಲ್ಲ. ಶಾಲು ಹೊದ್ದು ಪಕ್ಕದಲ್ಲಿ ಕುಳಿತಿದ್ದ ನಾವು ಚಪ್ಪಾಳೆ ತಟ್ಟಿದೆವು. ವಾಚಕರು ಇದನ್ನು ನೆನಪಿಟ್ಟುಕೊಳ್ಳಬೇಕು. ಮುಂದೆ ನಡೆದುದಕ್ಕೆ ಆ ಚಪ್ಪಾಳೆಯೂ ಹೊಣೆ. ಮರುದಿನ ಅವನನ್ನು ಲೇಪಾಕ್ಷಿಗೆ ಕರೆದೊಯ್ದೆವು. ಅಲ್ಲಿಯ ತೂಗುಗಂಬದ ಅಡಿಯಲ್ಲಿ ಬಟ್ಟೆ ತೂರಿಸಿ ನೋಡುವುದು ಎಲ್ಲರೂ ಮಾಡುವ ಕೆಲಸ. ಅದರ ಗುಟ್ಟನ್ನು ತಿಳಿಯಹೊರಟ ಒಬ್ಬ ಬ್ರಿಟಿಷ್ ಎಂಜಿನಿಯರು ಮೀಟಿದ್ದರಿಂದ ಕಂಬ ಸ್ವಸ್ಥಾನದಿಂದ ಜರುಗಿತೆಂದು ಊರವರು ಹೇಳುತ್ತಾರೆ. ಅಳಿಯನಿಗೆ ಆ ಎಂಜಿನಿಯರನ ಮೇಲೆ ಬಹಳ ಗೌರವ ಹುಟ್ಟಿತು!

ಮಾರ್ಚಿಯಲ್ಲಿ ದೂರವಾಣಿ ಕರೆಗಳು ಆರಂಭವಾದವು. ಗಣಕ ಆಟದ ನಡುವೆ ಸ್ತಬ್ಧವಾಗುತ್ತದೆ; ನೀಲಿ ಪರದೆ ತೋರಿಸುತ್ತದೆ; ಮಧ್ಯಾಹ್ನವಾದರೆ ತಾನಾಗಿ ಆರಿಹೋಗುತ್ತದೆ. ಏಪ್ರಿಲಿನಲ್ಲಿ ಎರಡನೆಯ ಬೆಳೆಯ ಹಣ ಬಂತು. ಅಕ್ಕ ಮಾನಿಟರಿಗೆಂದು ಕೊಟ್ಟ ಆ ಹಣದಲ್ಲಿ ನೀರಿನಿಂದ ತಂಪುಮಾಡುವ ದುಬಾರಿ ಕೂಲರನ್ನೂ, ಇನ್ನೂ ದೊಡ್ಡ ಮದರ್‌ಬೋರ್ಡನ್ನೂ ತರಬೇಕೆಂಬುದು ಅಳಿಯನ ವಾದ. “ಇನ್ನೊಂದ್ಸಲ ಕೆಟ್ರೆ ಇದನ್ನ ಮಾರಿಬಿಡ್ತೀನಿ. ಹುಳುವಿನ ದುಡ್ಡು ಅದು, ಬೀದಿಯಲ್ಲಿ ಸಿಕ್ಕಿದ್ದಲ್ಲ” ಎಂಬುದು ಅಕ್ಕನ ತೀರ್ಮಾನ. ಅಳಿಯ ಗುಟ್ಟಾಗಿ ಮತ್ತೆ ಕರೆಮಾಡಿ, “ಮಾವಾ, ಸ್ಪೀಡ್ ಏರಿಸಿದ್ದು ಅಮ್ಮನಿಗೆ ಹೇಳ್ಬೇಡಿ. ವಾರಂಟಿ ಹೋಗುತ್ತಂತೆ” ಎಂದ. ಹೇಳಲಿಲ್ಲ. ಆದರೆ ಹಣವನ್ನು ಕೂಲರಿಗೆ ಹಾಕದೆ, ನಾವೊಬ್ಬರೇ ಬೆಂಗಳೂರಿಗೆ ಹೋಗಿ ಮಾನಿಟರನ್ನೇ ಕೊಂಡೆವು.

ಆ ಆಯ್ಕೆಯೂ ಸುಲಭವಾಗಿರಲಿಲ್ಲ. ಅಂಗಡಿಯಾತ ಮೊದಲು ತೋರಿಸಿದ್ದು ಬಾಗಿದ ಇಪ್ಪತ್ತೇಳು ಅಂಗುಲದ ಪರದೆ. ಚುಕ್ಕೆಗಳ ಲೆಕ್ಕ 1920ಕ್ಕೆ 1080. ಅಷ್ಟೇ ಚುಕ್ಕೆಗಳು ಇಪ್ಪತ್ತನಾಲ್ಕು ಅಂಗುಲದಲ್ಲಿದ್ದರೆ ಅಂಗುಲಕ್ಕೆ 92 ಬೀಳುತ್ತವೆ. ಇಪ್ಪತ್ತೇಳಕ್ಕೆ ಹಿಗ್ಗಿಸಿದರೆ 82ಕ್ಕೆ ಇಳಿಯುತ್ತವೆ. ಅದೇ ಇಪ್ಪತ್ತೇಳು ಅಂಗುಲದಲ್ಲಿ 2560ಕ್ಕೆ 1440 ಚುಕ್ಕೆಗಳಿದ್ದರೆ ಅಂಗುಲಕ್ಕೆ 109. ಅಂಕೆಗಳನ್ನು ಕೇಳಿ ತಲೆದೂಗುವುದಕ್ಕಿಂತ ಕಣ್ಣಾರೆ ನೋಡುವುದು ಲೇಸೆಂದು, ಮೂರು ಪರದೆಗಳ ಮೇಲೂ ಕನ್ನಡ ಪತ್ರಿಕೆಯ ಪುಟವೊಂದನ್ನು ತೆರೆಯಿಸಿದೆವು. ಆಟದ ಮಾನಿಟರನ್ನು ಹೀಗೆ ಪರೀಕ್ಷಿಸಿದ ಗಿರಾಕಿಯನ್ನು ತಾನು ನೋಡಿಲ್ಲವೆಂದು ಆತ ನಕ್ಕ. ‘ಸ್ವಾತಂತ್ರ್ಯ’, ‘ವೈಶಿಷ್ಟ್ಯ’, ‘ಲಕ್ಷ್ಮೀ’ ಮುಂತಾದ ಮಾತುಗಳ ಒತ್ತಕ್ಷರಗಳು ಮೊದಲನೆಯ ಪರದೆಯಲ್ಲಿ ಕಲಸಿದ ಮುದ್ದೆಯಂತಿದ್ದವು. ಮೂರನೆಯದರಲ್ಲಿ ಎಳೆ ಎಳೆಯಾಗಿ ಬಿಡಿಸಿಕೊಂಡಿದ್ದವು. ಗಡಿನಾಡಿನ ನಮಗೆ ಇದರಲ್ಲಿ ಇನ್ನೊಂದು ಸೂಕ್ಷ್ಮವುಂಟು. ಕನ್ನಡಕ್ಕೂ ತೆಲುಗಿಗೂ ಅನೇಕ ಅಕ್ಷರಗಳಲ್ಲಿ ತಲೆಕಟ್ಟಿನಷ್ಟೇ ಭೇದ. ಪರದೆ ಒರಟಾದರೆ ಆ ತಲೆಕಟ್ಟೇ ಮಸುಕಾಗಿ, ಯಾವುದು ಯಾವ ಭಾಷೆಯೆಂದು ಒಂದು ಕ್ಷಣ ಕಣ್ಣು ತಡವರಿಸುತ್ತದೆ. ಕಲ್ಯಾಣದುರ್ಗದಲ್ಲಿ ಅಕ್ಕನಿಗೆ ಕನ್ನಡ ಪತ್ರಿಕೆ ಸಿಗುವುದು ಪರದೆಯ ಮೇಲೆ ಮಾತ್ರ; ಅದನ್ನೂ ಅವಳು ಈವರೆಗೆ ಅಂಗೈಯಗಲದ ಫೋನಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ಓದುತ್ತಿದ್ದಳು.

ಅಳಿಯನ ಪಾಲನ್ನೂ ಮರೆಯಲಿಲ್ಲ. ಮಾಮೂಲು ಪರದೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತದೆ, ಅಂದರೆ ಒಂದೊಂದು ಚಿತ್ರ ಸುಮಾರು 16.7 ಮಿಲಿಸೆಕೆಂಡು ನಿಲ್ಲುತ್ತದೆ; 144 ಸಲ ಬದಲಿಸುವುದರಲ್ಲಿ 6.9 ಮಿಲಿಸೆಕೆಂಡು. ಆಟದಲ್ಲಿ ವೈರಿ ಓಡುವಾಗ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಪಕ್ಕದಿಂದ ನೋಡಿದರೂ ಬಣ್ಣ ಕೆಡದ ಐಪಿಎಸ್ ಬಗೆಯದೇ ಬೇಕೆಂದೆವು; ಮನೆಮಂದಿಯೆಲ್ಲ ಒಂದೇ ಪರದೆಯ ಸುತ್ತ ಕೂರುವ ಸಂಸಾರಕ್ಕೆ ಅದೇ ಸರಿ.

ಪಾವಗಡದಲ್ಲಿ ಬಸ್ಸು ಬದಲಿಸಬೇಕಾಯಿತು. ಈ ತಾಲ್ಲೂಕಿನ ತಿರುಮಣಿಯ ಸುತ್ತ ಹದಿಮೂರು ಸಾವಿರ ಎಕರೆಯಷ್ಟು ನೆಲದಲ್ಲಿ ಹರಡಿರುವ ಸೌರ ವಿದ್ಯುತ್ ಉದ್ಯಾನದ ಸಾಮರ್ಥ್ಯ 2050 ಮೆಗಾವ್ಯಾಟ್. ಮಳೆ ತಪ್ಪುವ ಸೀಮೆಗೆ ಬಿಸಿಲೇ ಬೆಳೆಯಾಗಿದೆ. ಆದರೆ ಬಿಸಿಲನ್ನು ಉಂಡು ಬದುಕುವ ಆ ಫಲಕಗಳಿಗೂ ಶಾಖ ಹಿಡಿಸದು. 25 ಡಿಗ್ರಿಯ ಮೇಲೆ ಒಂದೊಂದು ಡಿಗ್ರಿ ಏರಿದಂತೆಲ್ಲ ಅವುಗಳ ಇಳುವರಿ ಸುಮಾರು ಶೇಕಡ 0.4ರಷ್ಟು ಕುಗ್ಗುತ್ತದೆ. ಅವೂ ಸಿಲಿಕಾನ್, ಪ್ರೊಸೆಸರೂ ಸಿಲಿಕಾನ್. ಪೆಟ್ಟಿಗೆಯನ್ನು ಅಪ್ಪಿಕೊಂಡು ಬಸ್ ನಿಲ್ದಾಣದ ನೆರಳಿನಲ್ಲಿ ಬೆವರುತ್ತಿದ್ದ ನಮಗೆ ಕಲ್ಯಾಣದುರ್ಗದ ಗಣಕದ ಕಾಯಿಲೆ ಏನೆಂಬುದು ಅಲ್ಲೇ ಮುಕ್ಕಾಲು ಪಾಲು ಹೊಳೆಯಿತು.

ಅಕ್ಕನ ಮನೆ ಕಲ್ಲುಚಪ್ಪಡಿಯ ಮಾಡಿನದು. ಹಗಲೆಲ್ಲ ಕಾದ ಕಲ್ಲು ಸಂಜೆಯವರೆಗೂ ಬಿಸಿಯನ್ನು ಕೆಳಗೆ ಸುರಿಯುತ್ತದೆ. ಗಣಕ ಗೋಡೆಯ ಗೂಡಿನಲ್ಲಿ, ಮೂರು ಬದಿ ಮುಚ್ಚಿದ ಜಾಗದಲ್ಲಿ ಕುಳಿತಿತ್ತು. ಮುಂದಿನ ಜಾಲರಿಯ ಮೇಲೆ ಹೊಲದ ಕೆಂಪು ಧೂಳು ಕಂಬಳಿಯಂತೆ ಹೊದ್ದಿತ್ತು. ಊಟವಾದ ಮೇಲೆ ನಾವು ಅಕ್ಕನನ್ನು ಹುಳುಮನೆಯ ಉಷ್ಣಮಾಪಕ ಕೇಳಿದೆವು. ಗೂಡಿನೊಳಗೆ ಇಟ್ಟು ಕಾಲು ಗಂಟೆ ಬಿಟ್ಟು ನೋಡಿದರೆ 39 ಡಿಗ್ರಿ.

ಅಕ್ಕ ಅದನ್ನು ನೋಡಿದವಳೇ, “ಅಯ್ಯೋ, ಇಷ್ಟರಲ್ಲಿ ಇಟ್ರೆ ನನ್ನ ಹುಳು ಒಂದೂ ಉಳಿಯೋದಿಲ್ಲ. ದೊಡ್ಡ ಹುಳುವಿಗೆ ಇಪ್ಪತ್ತೈದು ಇರ್ಬೇಕು. ಮೂವತ್ತು ದಾಟಿದ್ರೆ ಸೊಪ್ಪು ಮುಟ್ಟೋದಿಲ್ಲ. ಇದಕ್ಕೂ ಹಾಗೇನಾ?” ಎಂದಳು.

ಹಾಗೆಯೇ. ಪ್ರೊಸೆಸರಿನ ಮೇಲೆ ಕೂರಿಸುವ ಫ್ಯಾನು ತಂಪನ್ನು ಸೃಷ್ಟಿಸುವುದಿಲ್ಲ; ಕೋಣೆಯ ಗಾಳಿಗೆ ಶಾಖವನ್ನು ದಾಟಿಸುತ್ತದೆ, ಅಷ್ಟೇ. ಹಿಂದೂಪುರದ ಜನವರಿಯಲ್ಲಿ ಕೋಣೆಗಿಂತ 55 ಡಿಗ್ರಿ ಮೇಲೆ ನಿಂತಿದ್ದ ಪ್ರೊಸೆಸರು ಕಲ್ಯಾಣದುರ್ಗದ ಮೇ ತಿಂಗಳಲ್ಲೂ ಕೋಣೆಗಿಂತ ಅಷ್ಟೇ ಮೇಲೆ ನಿಲ್ಲುತ್ತದೆ. 21ಕ್ಕೆ 55 ಸೇರಿದರೆ 76. 39ಕ್ಕೆ ಸೇರಿದರೆ 94, ಧೂಳಿನ ಪಾಲು ಬೇರೆ. ಇಂದಿನ ಪ್ರೊಸೆಸರುಗಳು 95ರಿಂದ 100 ಡಿಗ್ರಿಯ ಸುಮಾರಿಗೆ ತಾವೇ ವೇಗ ತಗ್ಗಿಸಿಕೊಳ್ಳುತ್ತವೆ; ಹಿಂಡಿ ಏರಿಸಿದ ಪ್ರೊಸೆಸರು ಅದಕ್ಕೂ ಮುನ್ನವೇ ಲೆಕ್ಕ ತಪ್ಪಬಹುದು. ಇನ್ನೊಂದು ಗಣಿತವೂ ಇದೆ. ಪ್ರೊಸೆಸರು ಕುಡಿಯುವ ವಿದ್ಯುತ್ತು ವೇಗದ ಪ್ರಮಾಣದಲ್ಲಿಯೂ, ವೋಲ್ಟೇಜಿನ ವರ್ಗದ ಪ್ರಮಾಣದಲ್ಲಿಯೂ ಏರುತ್ತದೆ. ಅಳಿಯ ಪಡೆದ ವೇಗ ನೂರಕ್ಕೆ ಎಂಟೂವರೆ. ತೆತ್ತ ವಿದ್ಯುತ್ತು ನೂರಕ್ಕೆ ಮೂವತ್ತೊಂದು. ಆ ಮೂವತ್ತೊಂದೂ ಶಾಖವಾಗಿ ಅದೇ ಗೂಡಿನೊಳಗೆ ಸುತ್ತುತ್ತಿತ್ತು. ಹಣ ಸುರಿದು ನೀರಿನ ಕೂಲರು ತಂದಿದ್ದರೂ ಅದು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು.

ನಾವು ಇಷ್ಟು ಹೇಳುವಾಗ ‘ಏರಿಸಿದ’ ಎಂಬ ಮಾತು ಬಾಯಿಗೆ ಬಾರದಂತೆ ಎಚ್ಚರ ವಹಿಸಿದ್ದೆವು. ಆದರೆ ಅಳಿಯ ಉಷ್ಣಮಾಪಕವನ್ನೇ ನೋಡುತ್ತಾ ನಿಂತಿದ್ದವನು, “ನಾನೇ ಸ್ಪೀಡ್ ಏರಿಸಿದ್ದೆ ಅಮ್ಮಾ, ಹಿಂದೂಪುರದಲ್ಲಿ” ಎಂದುಬಿಟ್ಟ. ನಾವೂ ಪಕ್ಕದಲ್ಲಿದ್ದು ಹುರಿದುಂಬಿಸಿದೆವೆಂದು ಒಪ್ಪಿಕೊಳ್ಳಬೇಕಾಯಿತು. ಅಕ್ಕ ಬಹಳ ಹೊತ್ತು ಮಾತಾಡಲಿಲ್ಲ. ಭಾವನವರು ಕೆಮ್ಮಿ ಹೊರಗೆ ಎದ್ದುಹೋದರು. ಕೊನೆಗೆ ಅವಳು, “ಇಳಿಸು” ಎಂದಳು, ಅಷ್ಟೇ.

ಇಳಿಸಿದೆವು. ಗುಣಕ ಮತ್ತೆ 47. ವೋಲ್ಟೇಜನ್ನು ಮೂಲಕ್ಕಿಂತಲೂ ಒಂದಿಷ್ಟು ಕಡಿಮೆಯಿಟ್ಟು, ಮುಗ್ಗರಿಸದೆ ನಡೆಯುವುದೇ ಎಂದು ಒಂದು ಗಂಟೆ ಪರೀಕ್ಷಿಸಿದೆವು. ನಡೆಯಿತು. ಜಾಲರಿಯ ಧೂಳನ್ನು ಮೆತ್ತನೆಯ ಬ್ರಷ್ಷಿನಿಂದ ತೆಗೆದು, ಗಣಕವನ್ನು ಗೋಡೆಯ ಗೂಡಿನಿಂದ ಈಚೆಗೆ ತಂದು ಉತ್ತರದ ಕಿಟಕಿಯ ಬಳಿ ಮೇಜಿನ ಮೇಲಿಟ್ಟೆವು. ಶಾಖ 81ರಲ್ಲಿ ನಿಂತಿತು. ಒದ್ದೆ ಗೋಣಿ ಕಟ್ಟಿ ತಂಪುಮಾಡಿದ ಹುಳುಮನೆಗೇ ಗಣಕವನ್ನು ಸಾಗಿಸೋಣವೇ ಎಂದು ಅಳಿಯ ಕೇಳಿದ. ಅಲ್ಲಿಯ ತೇವ ಯಂತ್ರಕ್ಕಾಗದು, ಬ್ಲೀಚಿಂಗ್ ಪುಡಿಯ ಘಾಟು ತಾಮ್ರವನ್ನು ತಿನ್ನುತ್ತದೆ ಎಂದೆವು. ಅದಕ್ಕೂ ಮೊದಲೇ ಅಕ್ಕ ಬೇಡವೆಂದಾಗಿತ್ತು, ಹುಳುವಿನ ಪರವಾಗಿ.

ಬಳಿಕ ಪೆಟ್ಟಿಗೆ ಬಿಚ್ಚಿದೆವು. ಹೊಸ ಪರದೆಯಲ್ಲಿ ಆಟ ತೆರೆದಾಗ ಅಳಿಯನ ಮುಖದಲ್ಲಿ ಸಪ್ಪೆತನವಿತ್ತು. ವೇಗ ಕಳೆದುಕೊಂಡೆನೆಂಬ ದುಃಖ. ಲೆಕ್ಕ ಹಾಕಿದ. ಏರಿಸಿದ್ದಾಗಲೊಮ್ಮೆ, ಇಳಿಸಿದ ಮೇಲೊಮ್ಮೆ ಅದೇ ಆಟವನ್ನು ಇದೇ ಪರದೆಯಲ್ಲಿ ಹೋಲಿಸಬೇಕೆಂದು ಹಟಮಾಡಿದ್ದರಿಂದ ಒಪ್ಪಿದೆವು. ಸೆಕೆಂಡಿಗೆ 92 ಚಿತ್ರ ಬರುತ್ತಿದ್ದಲ್ಲಿ 90 ಬಂದವು. ಚುಕ್ಕೆಗಳು ಮೂವತ್ತೇಳು ಲಕ್ಷಕ್ಕೆ ಏರಿದಾಗ ಭಾರವೆಲ್ಲ ಗ್ರಾಫಿಕ್ಸ್ ಕಾರ್ಡಿನ ಹೆಗಲಿಗೆ ಬೀಳುತ್ತದೆ; ಪ್ರೊಸೆಸರು ಬಹಳ ಮಟ್ಟಿಗೆ ಕಾದು ಕೂರುತ್ತದೆ. ಎರಡು ಚಿತ್ರಕ್ಕಾಗಿ ಮೂರು ತಿಂಗಳು ತಾಯಿಗೆ ಸುಳ್ಳು ಹೇಳಿದೆನೆಂದು ಅವನಿಗೆ ಅನ್ನಿಸಿತೋ ಏನೋ, ಮೌಸನ್ನು ಕೆಳಗಿಟ್ಟ.

ಪರದೆ ಮಾತ್ರ ಏಕೋ ತುಸು ತಡವರಿಸುವಂತಿತ್ತು. ವಿಂಡೋಸಿನ ಸೆಟ್ಟಿಂಗು ತೆರೆದು ನೋಡಿದರೆ 144ರ ಮಾನಿಟರು 60ರಲ್ಲೇ ಓಡುತ್ತಿದೆ! ಕೊಂಡವರಲ್ಲಿ ಎಷ್ಟು ಮಂದಿ ವರ್ಷಗಟ್ಟಲೆ ಹೀಗೆಯೇ ಬಿಟ್ಟಿರುತ್ತಾರೋ. ಅಳಿಯ ಅದನ್ನು ಬದಲಿಸಿ, “ಅಮ್ಮಾ, ಬಾ” ಎಂದು ಕರೆದು, ಆ ದಿನದ ಕನ್ನಡ ಪತ್ರಿಕೆಯನ್ನು ತೆರೆದು ಮೇಲಕ್ಕೂ ಕೆಳಕ್ಕೂ ಸರಿಸಿ ತೋರಿಸಿದ. ಅವನು ಓದಿದ್ದು ತೆಲುಗು ಮಾಧ್ಯಮ. ಕನ್ನಡ ಮಾತು ಬಲ್ಲನಾದರೂ ಓದಿನಲ್ಲಿ ಎಡವುತ್ತಾನೆ. ಅಕ್ಕ ಕನ್ನಡಕ ಹಾಕದೆಯೇ ತಲೆಬರಹ ಓದಿ, ಅದರ ಕೆಳಗಿನ ಸಾಲನ್ನು ಬೆರಳಿನಿಂದ ತೋರಿಸಿ, “ಇದನ್ನ ನೀನು ಓದು” ಎಂದಳು. ಅವನು ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದ. ಒಂದು ಒತ್ತಕ್ಷರದ ಬಳಿ ನಿಂತ. ಅವಳು ಹೇಳಿಕೊಡಲಿಲ್ಲ; ಕಾದಳು.

ನಾಲ್ಕು ಗಂಟೆಯ ಬಸ್ಸಿಗೆ ನಾವು ಹೊರಡಬೇಕಾಗಿತ್ತು. ಚೀಲದಲ್ಲಿ ಅಕ್ಕ ಕೊಟ್ಟ ಕಡಲೆಕಾಯಿ, ಕಂಕುಳಲ್ಲಿ ನಮ್ಮ ಅಟ್ಟದ ಹಳೆಯ ಮಾನಿಟರು. ಪಾವಗಡದವರೆಗೆ ಅದೇ ಕಂಡಕ್ಟರು. ಬೆಳಗಿನ ಟೀವಿ ಇಷ್ಟು ಬೇಗ ಚಿಕ್ಕದಾದದ್ದು ಹೇಗೆಂದು ಕೇಳಿದರು.