ಬೆಲೆ ಕಿರಿದು, ಗುಣ ಹಿರಿದು

ಬೆಲೆ ಹೆಚ್ಚಿದ ಪದಾರ್ಥವು ಗುಣದಲ್ಲಿಯೂ ಹೆಚ್ಚಿನದಾಗಿರಲೇಬೇಕೆಂಬ ನಂಬಿಕೆ ನಮ್ಮ ಮನೆಗಳಲ್ಲಿ ಆಳವಾಗಿ ಬೇರೂರಿದೆ. ಹಬ್ಬಹರಿದಿನಗಳು ಬಂದಾಗ, ನೆಂಟರಿಷ್ಟರು ಮನೆಗೆ ಆಗಮಿಸಿದಾಗ, ಮಗು ತುಸು ಸೊರಗಿದಂತೆ ಕಂಡಾಗ ಗೃಹಿಣಿಯ ಕೈ ತಾನಾಗಿಯೇ ದುಬಾರಿಯ ಪೊಟ್ಟಣದ ಕಡೆಗೆ ಚಾಚುತ್ತದೆ. ಅಗ್ಗದ್ದನ್ನು ತಂದರೆ ಜಿಪುಣತನವಾದೀತೆಂಬ ಅಳುಕು. ನಾಲ್ಕು ಜನ ನೋಡಿ ಏನೆಂದುಕೊಂಡಾರೆಂಬ ಸಂಕೋಚ. ಆದರೆ ನಾವು ಕೊಡುವ ಹಣದಲ್ಲಿ ಪದಾರ್ಥದ ಸತ್ತ್ವಕ್ಕೆ ಸಲ್ಲುವುದೆಷ್ಟು, ಅದರ ಡಬ್ಬಿ, ಬಣ್ಣ, ಜಾಹೀರಾತು ಮತ್ತು ದೂರದ ಪ್ರಯಾಣಕ್ಕೆ ಸಲ್ಲುವುದೆಷ್ಟು ಎಂಬುದನ್ನು ಕುಳಿತು ಯೋಚಿಸುವುದು ಅಪರೂಪ.

ನಾನು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹುಟ್ಟಿ, ಗೌರಿಬಿದನೂರಿನಲ್ಲಿ ಹಲವು ವರ್ಷ ಶಾಲಾ ಶಿಕ್ಷಕಿಯಾಗಿದ್ದು, ನಿವೃತ್ತಿಯ ಬಳಿಕ ಚಿಕ್ಕಬಳ್ಳಾಪುರದಲ್ಲಿ ನೆಲೆಸಿದವಳು. ತಮ್ಮನ ಹೊಲ ಚಿಂತಾಮಣಿಯ ಬಳಿ ಇದೆ. ಹೀಗಾಗಿ ಈ ನಾಲ್ಕು ಊರುಗಳ ಸಂತೆಯೂ ಕಿರಾಣಿ ಅಂಗಡಿಯೂ ನನಗೆ ಪರಿಚಿತ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಜಿಲ್ಲಾ ಕೇಂದ್ರವಾದ ತರುವಾಯ ಊರು ಬೆಳೆಯಿತು. ಬುಟ್ಟಿ ಹಿಡಿದು ಒಳಹೊಕ್ಕು ಬೇಕಾದುದನ್ನು ತಾವೇ ಆರಿಸಿಕೊಳ್ಳುವ ಸೂಪರ್ ಮಾರ್ಕೆಟ್ಟುಗಳೂ ಹೆಚ್ಚಿದವು. ಅಲ್ಲಿ ಕಣ್ಣಿನ ಎತ್ತರದ ಹಲಗೆಗಳಲ್ಲಿ ಹೊಳೆಯುವ ಡಬ್ಬಿಗಳಿರುತ್ತವೆ. ಸಾದಾ ಪೊಟ್ಟಣಗಳ ಪದಾರ್ಥಗಳು ಬಹುಮಟ್ಟಿಗೆ ಕೆಳಗಿನ ಹಲಗೆಯಲ್ಲಿ, ಬಾಗಿ ನೋಡಬೇಕಾದ ಜಾಗದಲ್ಲಿ ಇರುತ್ತವೆ. ಹಾಗೆ ಬಾಗಿ ನೋಡುವ ಅಭ್ಯಾಸದಿಂದ ಕಂಡುಕೊಂಡ ಕೆಲವು ಸಂಗತಿಗಳನ್ನು ಸೋದರಿಯರೊಡನೆ ಹಂಚಿಕೊಳ್ಳಬೇಕೆನಿಸಿತು.

ಮೊದಲ ಮಾತು ರಾಗಿಯದು. ಒಂದು ಕೆ.ಜಿ. ರಾಗಿ ಹಿಟ್ಟಿನ ಪೊಟ್ಟಣಕ್ಕೆ ನಾನು ಕೊಡುತ್ತಿರುವುದು 50ರಿಂದ 60 ರೂಪಾಯಿ. ಮೇಲಿನ ಹಲಗೆಯಲ್ಲಿ ಕುಳಿತಿರುವ ಓಟ್ಸ್‌ಗೆ ಅದರ ಮೂರು ಪಟ್ಟು ತೆರಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರ ಪದಾರ್ಥಗಳ ಕೋಷ್ಟಕವನ್ನು ತೆರೆದರೆ, 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಹಾಗೂ 11 ಗ್ರಾಂ ನಾರಿನಂಶ ಕಾಣುತ್ತದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಕ್ಯಾಲ್ಸಿಯಂ 10 ಮಿಲಿಗ್ರಾಂ ಕೂಡ ಇಲ್ಲ. ಇಂಥ ಧಾನ್ಯ ಇಷ್ಟು ಕಡಿಮೆ ಬೆಲೆಗೆ ದೊರೆಯಲು ಕಾರಣ ಅದು ಕೀಳೆಂಬುದಲ್ಲ. ಅದು ಮಳೆಯನ್ನೇ ನಂಬಿ ನಮ್ಮ ಕೆಂಪು ನೆಲದಲ್ಲಿ ಬೆಳೆಯುತ್ತದೆ, ದೂರದಿಂದ ಬರಬೇಕಾಗಿಲ್ಲ, ಹುಳು ಹಿಡಿಯದೆ ಬಹುಕಾಲ ಉಳಿಯುತ್ತದೆ. ನಮ್ಮ ಹಿರಿಯರು ನೆಲದೊಳಗಿನ ಹಗೇವುಗಳಲ್ಲಿ ಅದನ್ನು ವರ್ಷಗಟ್ಟಲೆ ಕಾಪಾಡಿ ಬರಗಾಲವನ್ನು ದಾಟಿದರು. ಇದರ ಜೊತೆಗೆ ವಿಜ್ಞಾನಿಗಳ ದುಡಿಮೆಯೂ ಇದೆ. ‘ರಾಗಿ ಲಕ್ಷ್ಮಣಯ್ಯ’ ಎಂದೇ ನಾಡಿಗೆ ಪರಿಚಿತರಾದ ವಿಜ್ಞಾನಿ ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ‘ಇಂಡಾಫ್’ ತಳಿಗಳನ್ನು ರೂಪಿಸಿದ್ದರಿಂದ ಎಕರೆಯ ಇಳುವರಿ ಏರಿತು. ನಮ್ಮ ತಟ್ಟೆಯ ಮುದ್ದೆ ಅಗ್ಗವಾಗಿ ಉಳಿದುದರಲ್ಲಿ ಅವರ ಪಾಲು ಸಣ್ಣದಲ್ಲ.

ಆದರೂ ರಾಗಿಗೆ ‘ಬಡವರ ಅನ್ನ’ವೆಂಬ ಹಣೆಪಟ್ಟಿ ಬಿದ್ದಿದೆ. ಅನಿರೀಕ್ಷಿತವಾಗಿ ಬಂದ ನೆಂಟರಿಗೆ ಮುದ್ದೆ ಬಡಿಸುವಾಗ, “ಇವತ್ತು ಏನೂ ಮಾಡಿಲ್ಲ, ಬರೀ ಮುದ್ದೆ” ಎಂದು ಕ್ಷಮೆ ಕೇಳುವ ದನಿಯಲ್ಲಿ ಹೇಳುವುದು ನಮ್ಮ ಕಡೆಯ ವಾಡಿಕೆ. ತುಮಕೂರಿನ ಸಿದ್ಧಗಂಗಾ ಮಠದ ದಾಸೋಹದಲ್ಲಿ ಸಾವಿರಾರು ವಿದ್ಯಾರ್ಥಿಗಳು ಉಂಡು ಬೆಳೆದುದು ಈ ಮುದ್ದೆಯನ್ನೇ. 2019ರಲ್ಲಿ ಲಿಂಗೈಕ್ಯರಾದ ಪೂಜ್ಯ ಶಿವಕುಮಾರ ಸ್ವಾಮಿಗಳವರ ನೆರಳಿನಲ್ಲಿ ಓದಿ ದೊಡ್ಡ ಹುದ್ದೆಗಳಿಗೇರಿದವರು ಆ ಪ್ರಸಾದವನ್ನು ನೆನೆಯುವಾಗ ಅವರ ದನಿಯಲ್ಲಿ ಸಂಕೋಚವಿರುವುದಿಲ್ಲ, ಧನ್ಯತೆಯಿರುತ್ತದೆ.

ಈ ಸಂಕೋಚ ಮಕ್ಕಳ ಆಹಾರದವರೆಗೂ ಬಂದಾಗ ಅದು ಚಿಕ್ಕ ಸಂಗತಿಯಾಗಿ ಉಳಿಯುವುದಿಲ್ಲ. ಬೆಂಗಳೂರಿನಲ್ಲಿರುವ ನನ್ನ ಮೊಮ್ಮಗ ಎರಡು ವರ್ಷದವನಿದ್ದಾಗ ಜ್ವರ ಬಂದು ಬಹಳ ಇಳಿದುಹೋಗಿದ್ದ. ಮನೆಯಲ್ಲಿ ದುಬಾರಿಯ ಪಾನೀಯ ಪುಡಿಯ ಡಬ್ಬಿಗಳು ಒಂದರ ಮೇಲೊಂದು ಬರುತ್ತಿದ್ದವು. ತಿಂಗಳ ಸಾಮಾನಿನ ಹಣದಲ್ಲಿ ದೊಡ್ಡ ಪಾಲು ಅವುಗಳಿಗೇ ಹೋಗಿ ಹಾಲು ಹಣ್ಣುಗಳಿಗೆ ಕೈ ಬಿಗಿಯಾಗಿತ್ತು. ನಾನು ಚಿಕ್ಕಬಳ್ಳಾಪುರದಿಂದ ಮೊಳಕೆ ರಾಗಿಯ ಹಿಟ್ಟನ್ನು ಒಯ್ದೆ. ಸೊಸೆ ಅದನ್ನು ಕೈಗೆತ್ತಿಕೊಂಡು ಸುಮ್ಮನೆ ನಿಂತಳು. ಅವಳ ಕಣ್ಣುಗಳು ತುಂಬಿದ್ದವು. “ಅತ್ತೆ, ಮಗುವಿನ ವಿಷಯದಲ್ಲಿ ದುಡ್ಡು ಉಳಿಸಿದೆನೆಂದು ನಾಳೆ ನನಗೇ ಅನ್ನಿಸಿದರೆ?” ಎಂದಳು. ಆ ಮಾತಿನಲ್ಲಿದ್ದುದು ಆಡಂಬರವಲ್ಲ, ತಾಯಿಯ ಭಯ. ಅದಕ್ಕೆ ವಾದದಿಂದ ಉತ್ತರ ಕೊಡಬಾರದೆಂದು ಸುಮ್ಮನಾದೆ. ಇಬ್ಬರೂ ಸೇರಿ ಮಕ್ಕಳ ವೈದ್ಯರನ್ನು ಕೇಳಿದೆವು. ಮಗು ಇಷ್ಟಪಟ್ಟು ತಿನ್ನುವುದಾದರೆ ಹಾಲು, ಬೇಳೆ, ಹಣ್ಣುಗಳೊಡನೆ ರಾಗಿ ಧಾರಾಳವಾಗಿ ಸಾಕೆಂದು ಅವರು ಹೇಳಿದರು. ಅಂದಿನಿಂದ ಸೊಸೆಯ ಹೆದರಿಕೆ ಇಳಿಯಿತು. ಮಗುವೂ ನಿಧಾನವಾಗಿ, ಎಲ್ಲ ಮಕ್ಕಳಂತೆ, ಚೇತರಿಸಿಕೊಂಡಿತು. ಉಳಿದ ಹಣ ಹಣ್ಣಿನ ಬುಟ್ಟಿಗೆ ಸೇರಿತು.

ಮೊಳಕೆ ಬರಿಸುವುದರ ಮರ್ಮವನ್ನು ಇಲ್ಲಿ ಹೇಳಬೇಕು. ಕಾಳು ಮೊಳೆಯುವಾಗ ಅದರ ಪಿಷ್ಟ ಒಡೆದು ಗಂಜಿ ತೆಳುವಾಗುತ್ತದೆ. ಚಿಕ್ಕ ಹೊಟ್ಟೆಗೆ ಅಷ್ಟೇ ಗಂಜಿಯಲ್ಲಿ ಹೆಚ್ಚು ಹಿಟ್ಟು ಸೇರುತ್ತದೆ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮೈಗೆ ಹತ್ತದಂತೆ ತಡೆಯುವ ಅಂಶವೂ ಕಡಿಮೆಯಾಗುತ್ತದೆ. ಇನ್ನು ನಮ್ಮ ಸೀಮೆಯ ಹುರಿಹಿಟ್ಟಂತೂ ಇಂದಿನವರ ಅವಸರಕ್ಕೆ ಹೇಳಿ ಮಾಡಿಸಿದ್ದು. ರಾಗಿಗೆ ನೀರು ಹನಿಸಿ ನೆನೆಯಲು ಬಿಟ್ಟು, ಅರಳುವಂತೆ ಹುರಿದು ಬೀಸಿದ ಈ ಹಿಟ್ಟನ್ನು ಬೇಯಿಸಬೇಕಾಗಿಲ್ಲ. ಬೆಲ್ಲ, ಕಾಯಿತುರಿ, ಏಲಕ್ಕಿ, ತುಸು ತುಪ್ಪ ಬೆರೆಸಿದರೆ ಐದು ನಿಮಿಷದಲ್ಲಿ ಉಪಾಹಾರ ಸಿದ್ಧ. 2024ರ ಫೆಬ್ರುವರಿಯಲ್ಲಿ ರಾಜ್ಯದ ಶಾಲಾ ಮಕ್ಕಳಿಗೆ ಹಾಲಿನೊಡನೆ ವಾರಕ್ಕೆ ಮೂರು ದಿನ ರಾಗಿ ಮಾಲ್ಟ್ ಕೊಡುವ ಕಾರ್ಯಕ್ರಮ ಆರಂಭವಾದಾಗ ಸರ್ಕಾರದೊಡನೆ ಕೈಜೋಡಿಸಿದ ಶ್ರೀ ಸತ್ಯಸಾಯಿ ಅನ್ನಪೂರ್ಣ ಟ್ರಸ್ಟ್, ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರಾದ ನಮ್ಮ ಮುದ್ದೇನಹಳ್ಳಿಯದೇ ಎಂಬುದು ನಮಗೆ ಹೆಮ್ಮೆಯ ವಿಷಯ.

ರಾಗಿಯ ಪಕ್ಕದಲ್ಲಿಯೇ ಇನ್ನೆರಡು ಸಾದಾ ಪೊಟ್ಟಣಗಳಿವೆ. ಮೊದಲನೆಯದು ಕಡಲೆಕಾಯಿ ಬೀಜ. ಚಿಂತಾಮಣಿ, ಗೌರಿಬಿದನೂರು ಕಡೆಯ ಹೊಲಗಳಲ್ಲಿ ಬೆಳೆಯುವ ಈ ಬೀಜದ 100 ಗ್ರಾಂನಲ್ಲಿ ಸುಮಾರು 24 ಗ್ರಾಂ ಪ್ರೋಟೀನ್ ಇದೆ. ಬಾದಾಮಿಯಲ್ಲಿರುವುದು ಅದಕ್ಕಿಂತ ಕಡಿಮೆ, ಬೆಲೆ ಮಾತ್ರ ಐದಾರು ಪಟ್ಟು. ಬಾದಾಮಿಗೆ ತನ್ನದೇ ಆದ ಬೇರೆ ಗುಣಗಳಿವೆ, ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಬಾದಾಮಿ ಕೊಳ್ಳಲಾಗದ ತಾಯಿ ಕೊರಗಬೇಕಾಗಿಲ್ಲವೆಂಬುದಷ್ಟೇ ನನ್ನ ಮಾತು. ಬೂಷ್ಟು ಹಿಡಿದ, ಸುಕ್ಕುಗಟ್ಟಿದ ಬೀಜಗಳನ್ನು ಮಾತ್ರ ಆರಿಸಿ ಎಸೆಯಬೇಕು, ಅವುಗಳಲ್ಲಿ ವಿಷದ ಅಂಶ ಇರಬಹುದು. ಎರಡನೆಯದು ಹುರುಳಿ. ಕುದುರೆಗೂ ಎತ್ತಿಗೂ ಬೇಯಿಸಿ ಹಾಕುವ ಕಾಳೆಂದು ಇದನ್ನೂ ಪಕ್ಕಕ್ಕಿಟ್ಟವರಿದ್ದಾರೆ. ಆದರೆ ಪ್ರೋಟೀನಿನಲ್ಲಿ ಇದು ತೊಗರಿಬೇಳೆಗೆ ಕಡಿಮೆಯಿಲ್ಲ, ಕಬ್ಬಿಣದ ಅಂಶವೂ ಹೇರಳ. ಹುರುಳಿಕಟ್ಟಿನ ಸಾರಿಗೆ ಕೊನೆಯಲ್ಲಿ ನಿಂಬೆರಸ ಹಿಂಡಿದರೆ ರುಚಿ ಕೂಡುವುದಲ್ಲದೆ ಆ ಕಬ್ಬಿಣ ರಕ್ತಕ್ಕೆ ಸೇರಲು ನೆರವಾಗುತ್ತದೆ.

ಕೆಲವು ಪದಾರ್ಥಗಳ ಬೆಲೆಯಂತೂ ಬರಿಯ ರೂಪಕ್ಕೆ ಸಲ್ಲುವ ಕಾಣಿಕೆ. ಗೋಡಂಬಿಯನ್ನೇ ನೋಡಿ. ಇಡಿಯಾದ ಬಿಳಿಯ ಗೋಡಂಬಿಗೂ ಅದರ ಚೂರಿಗೂ ಬೆಲೆಯಲ್ಲಿ ಗಣನೀಯ ವ್ಯತ್ಯಾಸವಿದೆ. ಎರಡೂ ಒಂದೇ ಮರದ ಬೀಜ. ಪಾಯಸಕ್ಕೆ, ಉಪ್ಪಿಟ್ಟಿಗೆ ಹೇಗೂ ನಾವೇ ಒಡೆದು ಹಾಕುತ್ತೇವೆ! ಗೋಡಂಬಿ ಕರಾವಳಿಯ ಬೆಳೆಯೆಂದೇ ನಾವು ತಿಳಿದಿದ್ದರೂ, ಮೈದಾನ ಸೀಮೆಗೆ ಒಗ್ಗುವ ಗೇರು ತಳಿಗಳನ್ನು ಚಿಂತಾಮಣಿಯ ಕೃಷಿ ಸಂಶೋಧನಾ ಕೇಂದ್ರವೇ ಹೊರತಂದಿದೆ; ‘ಚಿಂತಾಮಣಿ-1’ ಎಂಬ ತಳಿಗೆ ನಮ್ಮ ಊರಿನದೇ ಹೆಸರು. ಬೆಲ್ಲದ ಕಥೆ ಇನ್ನೂ ಸೋಜಿಗ. ಬೆಲ್ಲ ಹಳದಿಯಾಗಿ ಹೊಳೆಯಲೆಂದು ರಾಸಾಯನಿಕ ಬೆರೆಸುವುದುಂಟು. ಅದನ್ನು ಬೆರೆಸದ ಕಂದು ಬೆಲ್ಲ ನೋಟಕ್ಕೆ ಮಂಕು. ಹೊಳೆಯುವ ಅಚ್ಚಿಗೆ ಹೆಚ್ಚು ತೆತ್ತು ನಾವು ಕೆಲವೊಮ್ಮೆ ರಾಸಾಯನಿಕವನ್ನೇ ಕೊಂಡು ತರುತ್ತೇವೆ.

ಹಣ್ಣು ತರಕಾರಿಗಳಲ್ಲಿ ಕಾಲವನ್ನು ಅರಿತವಳೇ ಜಾಣೆ. ಮಾಗಿಯ ಚಳಿಯಲ್ಲಿ ಬರುವ ಸೊಗಡಿನ ಅವರೆಕಾಯಿಯ ಮುಂದೆ ವರ್ಷವಿಡೀ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿರುವ ಬಟಾಣಿಯ ರುಚಿ ಏನೂ ಅಲ್ಲ. ಹಿದುಕಿದ ಬೇಳೆಯ ಸಾರಿಗೆ ಬೇಕಾದುದು ಹಣವಲ್ಲ, ಮನೆಮಂದಿ ಸುತ್ತ ಕುಳಿತು ಅವರೆ ಹಿದುಕುವ ತಾಳ್ಮೆ. ಹಾಗೆಯೇ ನಂದಿ ಬೆಟ್ಟದ ಸುತ್ತಮುತ್ತ ಬೆಳೆಯುವ ‘ಬೆಂಗಳೂರು ನೀಲಿ’ ದ್ರಾಕ್ಷಿ. 2013ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಈ ಹಣ್ಣಿಗೆ ಬೀಜವಿದೆ, ಸಿಪ್ಪೆ ದಪ್ಪ. ಅದಕ್ಕಾಗಿಯೇ ಹೊರದೇಶದ ದಪ್ಪ ದ್ರಾಕ್ಷಿಯ ಪಕ್ಕದಲ್ಲಿ ಅಗ್ಗವಾಗಿ ಕುಳಿತಿರುತ್ತದೆ. ಚೆನ್ನಾಗಿ ತೊಳೆದು, ಹಿಂಡಿ ಷರಬತ್ತು ಮಾಡಿ ನೋಡಿ. ಆ ಪರಿಮಳ ಹೊರಗಿನ ಹಣ್ಣಿಗೆ ಬಾರದು.

ಹಾಗೆಂದು ಅಗ್ಗವಾದುದೆಲ್ಲ ಒಳ್ಳೆಯದೆಂದು ಯಾರೂ ಭಾವಿಸಬಾರದು. ಹತ್ತು ರೂಪಾಯಿಗೆ ಕೈತುಂಬ ಬರುವ ಬಿಸ್ಕತ್ತು, ಕುರುಕಲು ತಿಂಡಿಗಳೂ ಅಗ್ಗವೇ. ಅವುಗಳಲ್ಲಿರುವುದು ಬಹುಪಾಲು ಮೈದಾ, ಸಕ್ಕರೆ, ಎಣ್ಣೆ, ಉಪ್ಪು. ಪೊಟ್ಟಣದ ಹಿಂಬದಿಯಲ್ಲಿ ಪದಾರ್ಥಗಳ ಪಟ್ಟಿಯಿರುತ್ತದೆ. ತೂಕದಲ್ಲಿ ಹೆಚ್ಚಿರುವುದನ್ನು ಮೊದಲು ಬರೆಯಬೇಕೆಂಬುದು ನಿಯಮ. ‘ರಾಗಿ ಬಿಸ್ಕತ್ತು’ ಎಂದು ಮುಂಬದಿಯಲ್ಲಿ ದೊಡ್ಡದಾಗಿ ಅಚ್ಚಾಗಿದ್ದರೂ ಪಟ್ಟಿಯ ಮೊದಲ ಸ್ಥಾನ ಮೈದಾಕ್ಕಿದ್ದರೆ ಅದು ಮೈದಾ ಬಿಸ್ಕತ್ತೇ. ಒಂದು ಗ್ರಾಂಗೆ ಅಥವಾ ಒಂದು ಕೆ.ಜಿ.ಗೆ ಎಷ್ಟು ಬೆಲೆಯೆಂಬುದನ್ನೂ ಈಗ ಮುದ್ರಿಸಬೇಕಾಗಿದೆ. ಬೇರೆ ಬೇರೆ ಗಾತ್ರದ ಪೊಟ್ಟಣಗಳನ್ನು ಹೋಲಿಸಲು ಇದೊಂದೇ ಸಾಕು. ಇನ್ನೊಂದು ಎಚ್ಚರಿಕೆ: ಕಾಳಾಗಿ ಬಹುಕಾಲ ಬಾಳುವ ರಾಗಿ ಹಿಟ್ಟಾದ ಮೇಲೆ ಹಾಗೆ ಬಾಳದು; ತಿಂಗಳಿಗೆ ಬೇಕಾದಷ್ಟನ್ನೇ ತರುವುದು ಲೇಸು. ಸಕ್ಕರೆ ಕಾಯಿಲೆಯವರು ರಾಗಿಯೆಂಬ ಧೈರ್ಯದಿಂದ ಮುದ್ದೆಯ ಗಾತ್ರ ಹೆಚ್ಚಿಸುವಂತಿಲ್ಲ, ಅದರಲ್ಲಿರುವುದೂ ಪಿಷ್ಟವೇ.

ಅಗ್ಗದ ಬೆಲೆಯಲ್ಲಿ ನಮ್ಮ ಮನಸ್ಸನ್ನು ಚುಚ್ಚಬೇಕಾದ ಇನ್ನೊಂದು ಬಗೆಯೂ ಇದೆ. 2023ರ ಜುಲೈ ತಿಂಗಳಲ್ಲಿ ಟೊಮ್ಯಾಟೊ ಕೆ.ಜಿ.ಗೆ 100 ರೂಪಾಯಿ ದಾಟಿದಾಗ ದೇಶವೇ ಮಾತಾಡಿತು. ಆದರೆ ಬೆಲೆ ನೆಲಕಚ್ಚಿದ ವರ್ಷಗಳಲ್ಲಿ ಅಷ್ಟು ಮಾತು ಕೇಳಿಬರಲಿಲ್ಲ. ಅಂಥ ಒಂದು ವರ್ಷ ನನ್ನ ತಮ್ಮನಿಗೆ ಚಿಂತಾಮಣಿಯ ಮಾರುಕಟ್ಟೆಯಲ್ಲಿ ದೊರೆತ ಹಣ ಕೊಯ್ಲಿನ ಕೂಲಿಗೂ ಗಾಡಿಯ ಬಾಡಿಗೆಗೂ ಸಾಲಲಿಲ್ಲ. ಉಳಿದ ಹಣ್ಣನ್ನು ಗಿಡದಲ್ಲಿಯೇ ಬಿಟ್ಟು, ದನಗಳನ್ನು ಹೊಲಕ್ಕೆ ಹೊಡೆದ. ಅದೇ ವಾರ ನಮ್ಮ ಬೀದಿಯಲ್ಲಿ “ಎಷ್ಟು ಅಗ್ಗ!” ಎಂದು ಹಿಗ್ಗುತ್ತಿದ್ದ ಮಾತು ನನ್ನ ಕಿವಿಗೆ ಬಿತ್ತು. ಬೆಳೆಯ ಸ್ವಭಾವದಿಂದಲೂ ನೆಲದ ಸಾಮೀಪ್ಯದಿಂದಲೂ ಬಂದ ಅಗ್ಗ ಒಂದು. ಬೆಳೆದವನ ನಷ್ಟದಿಂದ ಬಂದ ಅಗ್ಗ ಇನ್ನೊಂದು. ಮೊದಲನೆಯದನ್ನು ಸಂತೋಷದಿಂದ ಸ್ವೀಕರಿಸೋಣ. ಎರಡನೆಯದು ಎದುರಾದಾಗ ಬೀದಿಯ ಮಾರಾಟಗಾರ್ತಿಯೊಡನೆ ಮತ್ತೂ ಚೌಕಾಸಿ ಮಾಡದೆ, ಎರಡು ಕೆ.ಜಿ. ಹೆಚ್ಚಿಗೆ ಕೊಂಡು ಗೊಜ್ಜು, ತೊಕ್ಕು ಮಾಡಿಟ್ಟುಕೊಳ್ಳೋಣ. ಕಾಯಕಕ್ಕೆ ಬೆಲೆ ಕೊಡುವ ಪರಂಪರೆಯವರಾದ ನಮಗೆ ಇದು ಹೇಳಿಸಿಕೊಳ್ಳಬೇಕಾದ ಮಾತಲ್ಲ.

ಸಂಸಾರ ನಡೆಸುವವಳಿಗೆ ಪ್ರತಿಯೊಂದು ರೂಪಾಯಿಯೂ ಒಂದು ನಿರ್ಧಾರ. ಕೆಳಗಿನ ಹಲಗೆಗೆ ಬಾಗಿದಾಗ ಉಳಿಯುವ ಹಣ ಮಗಳ ಪುಸ್ತಕಕ್ಕೆ, ಹಿರಿಯರ ಔಷಧಿಗೆ, ಮನೆಬಾಗಿಲಿಗೆ ಬಂದ ಹಸಿದವರ ತುತ್ತಿಗೆ ಒದಗುತ್ತದೆ. ಅದರಲ್ಲಿ ನಾಚಿಕೆಯ ಮಾತೇನಿದೆ? ಮುಂದಿನ ಸಲ ಬೀಗರು ಬಂದಾಗ ಬಿಸಿ ಮುದ್ದೆಗೆ ಹುರುಳಿಕಟ್ಟಿನ ಸಾರು ಸುರಿದು, ಮೇಲೊಂದು ಚಮಚ ತುಪ್ಪ ಹಾಕಿ, “ಬನ್ನಿ, ಊಟಕ್ಕೆ ಏಳಿ” ಎಂದಷ್ಟೇ ಹೇಳಿ. ‘ಬರೀ’ ಎಂಬ ಪದವನ್ನು ಮಾತ್ರ ಬಿಟ್ಟುಬಿಡಿ.